ಮಳೆಗಾಲದ ಕೂಸಿಗೆ ಅಟ್ಟದ ಸಾಮಾನಲ್ಲೇ ರೂಮ್ ರೆಡಿ ಮಾಡೋದು

ಸೀಮಂತ ಮುಗೀತು ಅಂದ್ರೆ ಸಾಕು, ಫೋನ್ ತೆಗೆದ್ರೆ ಬರೀ ತೊಟ್ಟಿಲು, ಪ್ರಾಮು, ಬೇಬಿ ಬೆಡ್ಡು, ಗೋಡೆಗೆ ಅಂಟಿಸೋ ಆನೆ ಜಿರಾಫೆ ಸ್ಟಿಕ್ಕರು ಇವೇ ಕಾಣ್ಸೋಕೆ ಶುರುವಾಗುತ್ತೆ. ಎಲ್ಲಾ ಚೆನ್ನಾಗೇ ಇರುತ್ತೆ, ರೇಟು ಮಾತ್ರ ಸಾವಿರಗಟ್ಲೆ. ಆದ್ರೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಮಗು ಬರೋ ಮನೇಲಿ ನಿಜವಾದ ತಲೆಬಿಸಿ ರೂಮ್ ಚಂದ ಕಾಣೋದಲ್ಲ ಮಾರಾಯ್ರೆ, ಮಗು ಬಟ್ಟೆ ಒಣಗೋದು. ಜೂನಲ್ಲಿ ಮಳೆ ಹಿಡೀತು ಅಂದ್ರೆ ಸೆಪ್ಟೆಂಬರ್ ತನಕ ಗೋಡೆ ಬೆವರ್ತಾನೇ ಇರುತ್ತೆ, ಹಾಸಿಗೆ ಮುಟ್ಟಿದ್ರೆ ತಣ್ಣಗೆ, ಪೆಟ್ಟಿಗೇಲಿಟ್ಟ ಸ್ವೆಟರಿಗೆ ಬೂಷ್ಟು. ಅರಸೀಕೆರೆ, ಕಡೂರು ಕಡೆಯವರಿಗೆ ಬಿಸಿಲಾದ್ರೂ ಇದೆ, ಅವರು ಇದ್ರಲ್ಲಿ ಅರ್ಧ ಓದಿದ್ರೆ ಸಾಕು.

ಮೊದ್ಲು ಒಂದು ಕೇಳ್ಕೊಳ್ಳಿ, ಮಗು ಮೊದಲ ಮೂರು ತಿಂಗಳು ಇರೋದು ಯಾವ ಮನೇಲಿ? ಬಾಣಂತನ ತವರಲ್ಲಿ ಅಂತಾದ್ರೆ ಗಂಡನ ಮನೆ ರೂಮಿಗೆ ಈಗ ದುಡ್ಡು ಸುರಿಯೋದು ದಂಡ, ಕೂಸು ಅಲ್ಲಿಗೆ ಬರೋ ಹೊತ್ತಿಗೆ ಮಗುಚಿಕೊಳ್ಳೋಕೆ ನೋಡ್ತಿರುತ್ತೆ, ಆಗ ಬೇಕಾಗೋ ಸಾಮಾನೇ ಬೇರೆ. ಆಮೇಲೆ ಹುಟ್ಟೋಕ್ಮುಂಚೆ ತೊಟ್ಟಿಲು ತರಬಾರದು ಹೊಸ ಬಟ್ಟೆ ತೆಗೀಬಾರದು ಅಂತ ಹಿರಿಯರು ಹೇಳ್ತಾರಲ್ಲ, ಅದಕ್ಕೆ ಎದುರು ಮಾತಾಡೋಕೆ ಹೋಗ್ಬೇಡಿ, ನಮ್ಮ ಬಜೆಟ್ಟಿಗೆ ಅದೇ ಅನುಕೂಲ. ಹಳೇದನ್ನ ಒಗೆದು ಕತ್ತರಿಸಿ ಹೊಲಿದಿಡೋದಕ್ಕೆ ಯಾವ ಅಜ್ಜಿನೂ ಬೇಡ ಅನ್ನಲ್ಲ. ತೊಟ್ಟಿಲಿಗೆ ರಿಪೇರಿ ಬೇಕಿದ್ರೆ ಆಚಾರಿ ಹತ್ರಾನೇ ಇರ್ಲಿ, ನಾಮಕರಣದ ಹೊತ್ತಿಗೆ ಮನೆಗೆ ಬಂದ್ರೆ ಆಯ್ತು.

ಹೆರಿಗೆ ಡೇಟು ಮಳೆಗಾಲದಲ್ಲಿದ್ರೆ ಗೋಡೆ ಕೆಲಸ ಏಪ್ರಿಲ್, ಮೇ ಒಳಗೇ ಮುಗಿಸಿ. ಹೆಂಚು ಸೋರ್ತಿದ್ರೆ ಮೊದ್ಲು ಅದು, ಆಮೇಲೆ ಗೋಡೆ. ಬೂಷ್ಟು ಹಿಡಿದ ಗೋಡೆ ಮೇಲೆ ದುಬಾರಿ ಪೇಂಟ್ ಹೊಡೆಸಿದ್ರೆ ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬರುತ್ತೆ. ತಂತಿ ಬ್ರಷ್ಷಲ್ಲಿ ಕೆರೆದು, ಚೆನ್ನಾಗಿ ಒಣಗೋಕೆ ಬಿಟ್ಟು, ಸುಣ್ಣ ಬಳಿಸಿ ಸಾಕು. ಸುಣ್ಣದ ಮೇಲೆ ಬೂಷ್ಟು ಅಷ್ಟು ಬೇಗ ಹತ್ತಲ್ಲ, ಗೋಡೆ ಒಳಗಿನ ತೇವಾನೂ ಹೊರಗೆ ಹೋಗೋಕೆ ಬಿಡುತ್ತೆ. ಅರಳಿಸಿದ ಸುಣ್ಣನ ಒಂದು ರಾತ್ರಿ ಬಿಟ್ಟು, ಬಟ್ಟೇಲಿ ಸೋಸಿ, ಸ್ವಲ್ಪ ಫೆವಿಕಾಲ್ ಸೇರಿಸಿದ್ರೆ ಕೈಗೆ ಅಂಟಲ್ಲ. ಕಣ್ಣಿಗೆ ಸಿಡಿದ್ರೆ ಸುಡುತ್ತೆ, ಹಾಗಾಗಿ ಕನ್ನಡಕ ಹಾಕ್ಕೊಂಡು ಬಳೀಬೇಕು. ಕೆರೆಯೋದು, ಬಳಿಯೋದು, ಉಜ್ಜುಕಾಗದ ಹಾಕೋದು ಯಾವ್ದೂ ಬಸುರಿ ಮಾಡೋ ಕೆಲಸ ಅಲ್ಲ, ಗಂಡನಿಗೆ ಹೇಳಿ.

ಈಗ ಬಟ್ಟೆಗೆ ಬರೋಣ. ಹುಟ್ಟಿದ ಕೂಸು ದಿನಕ್ಕೆ ಹತ್ತು ಹನ್ನೆರಡು ಸಲ ಬಟ್ಟೆ ಒದ್ದೆ ಮಾಡುತ್ತೆ. ಬಿಸಿಲಿದ್ರೆ ಬೆಳಿಗ್ಗೆ ಒಗೆದಿದ್ದು ಮಧ್ಯಾಹ್ನಕ್ಕೆ ಸಿಗುತ್ತೆ, ಜುಲೈನಲ್ಲಿ ಎರಡು ಮೂರು ದಿನಾನೂ ಹಿಡಿಯುತ್ತೆ. ಅಲ್ಲಿಗೆ ಲೆಕ್ಕ ಸಿಕ್ತಲ್ಲ, ನಲವತ್ತು ಲಂಗೋಟಿ ಬಟ್ಟೆ ಇದ್ರೆ ನಿಶ್ಚಿಂತೆ. ಅಂಗಡೀಲಿ ಅಷ್ಟು ತಗೊಳ್ಳೋಕೆ ಹೋದ್ರೆ ಜೇಬು ಖಾಲಿ, ಆದ್ರೆ ಎರಡು ಹಳೇ ಕಾಟನ್ ಸೀರೆ ಇದ್ರೆ ಕೆಲಸ ಮುಗೀತು. ಸೀರೆ ಉದ್ದ ಐದೂವರೆ ಮೀಟರ್, ಅಗಲ ಹೆಚ್ಚುಕಮ್ಮಿ 110 ಸೆಂಟಿಮೀಟರ್. ಉದ್ದುದ್ದಕ್ಕೆ ಎರಡು ಸೀಳು ಮಾಡಿ, ಒಂದೊಂದನ್ನೂ 55 ಸೆಂಟಿಮೀಟರಿಗೆ ಕತ್ತರಿಸ್ತಾ ಹೋದ್ರೆ ಒಂದು ಸೀರೆಗೆ ಇಪ್ಪತ್ತು ಚೌಕ ಬರುತ್ತೆ. ಫಾಲು, ಜರಿ ಅಂಚು ಮೊದ್ಲೇ ಬಿಚ್ಚಿ ತೆಗೀರಿ. ಅಪ್ಪನ ಬಿಳಿ ಪಂಚೆ ಸಿಕ್ರೆ ಅದನ್ನ ಲಂಗೋಟಿಗೆ ಹರೀಬೇಡಿ, ಅಡ್ಡಕ್ಕೆ ಎರಡು ಮಾಡಿ, ಮಗು ಸುತ್ತೋಕೆ ಅದಕ್ಕಿಂತ ಒಳ್ಳೇ ಅಳತೆ ಬೇರೆ ಇಲ್ಲ.

ಕಾಟನ್ ಅಂತ ಮಾರಿರೋದೆಲ್ಲ ಕಾಟನ್ ಆಗಿರಲ್ಲ ಅದಕ್ಕೇ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಚ್ಚಿ ನೋಡಿ. ಹತ್ತಿ ಆದ್ರೆ ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದ್ರೆ ಪುಡಿ ಆಗೋ ಬೂದಿ ಉಳಿಯುತ್ತೆ. ತುದೀಲಿ ಗಟ್ಟಿ ಮಣಿ ಥರ ಕರಗಿ ನಿಂತ್ರೆ ಅದ್ರಲ್ಲಿ ಪಾಲಿಯೆಸ್ಟರ್ ಇದೆ ಅಂತ ಅರ್ಥ, ಅದು ನೀರು ಹೀರಲ್ಲ, ನೆಲ ಒರೆಸೋಕೂ ಪ್ರಯೋಜನ ಇಲ್ಲ. ನಮ್ಮಜ್ಜಿ ಸೀರೆ ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿದು, “ಇದು ಆಯ್ತದೆ, ಅದು ಬ್ಯಾಡ, ಹೊಸದು ಮಗೀಗೆ ಚುಚ್ತದೆ ಕಣೇ” ಅಂತ ಎರಡು ರಾಶಿ ಮಾಡ್ತಿದ್ರು, ಹತ್ತು ವರ್ಷ ಒಗೆದು ಒಗೆದು ಮೆತ್ತಗಾದ ಬಟ್ಟೆ ಅವರ ಲೆಕ್ಕದಲ್ಲಿ ಫಸ್ಟ್ ಕ್ಲಾಸು.

ಅಂಚನ್ನ ದಪ್ಪ ಮಡಚಿ ಹೊಲೀಬೇಡಿ, ಕೂಸಿನ ತೊಡೆಗೆ ಉಜ್ಜುತ್ತೆ. ಸೀರೆಗೆ ಫಾಲು ಹಾಕೋರ ಹತ್ರ ಜಿಗ್‌ಜಾಗ್ ಹೊಡೆಸಿ, ಇಲ್ಲಾಂದ್ರೆ ಕೈಯಲ್ಲೇ ಸಣ್ಣಗೆ ಸುತ್ತು ಹೊಲಿಗೆ ಹಾಕಿ. ಜೋತಾಡೋ ದಾರ ಎಲ್ಲಾ ಕತ್ತರಿಸಿ. ಇದು ಅಂದಕ್ಕಲ್ಲ, ಸಡಿಲ ಎಳೆ ಮಗು ಕಾಲ್ಬೆರಳಿಗೆ ಸುತ್ತಿಕೊಂಡು ಬಿಗಿದ್ರೆ ಬೆರಳಿಗೆ ರಕ್ತ ಹೋಗೋದೇ ನಿಂತು ಊದಿಕೊಳ್ಳುತ್ತೆ, ಮಗು ಯಾಕೆ ಅಳ್ತಿದೆ ಅಂತ ಯಾರಿಗೂ ಗೊತ್ತಾಗಲ್ಲ. ಒಗೆದ ಮೇಲೆ ಸೋಪಿನ ನೊರೆ ಪೂರ್ತಿ ಹೋಗೋ ತನಕ ಜಾಲಿಸಿ, ಗಮ್ ಅನ್ನೋ ಸಾಫ್ಟ್ನರ್ ಹಾಕ್ಬೇಡಿ, ಅದು ಹಾಕಿದ ಬಟ್ಟೆ ನೀರು ಹೀರೋದು ಕಮ್ಮಿ ಆಗುತ್ತೆ. ಲಂಗೋಟಿ ಕಟ್ಟುವಾಗ ಹೊಕ್ಕಳ ಬಳ್ಳಿ ಬಿದ್ದು ಹೋಗೋ ತನಕ ಹೊಕ್ಕಳಿನ ಕೆಳಗೇ ಕಟ್ಟಿ, ಗಾಳಿ ಆಡ್ಲಿ.

ಒಣಗಿಸೋ ವ್ಯವಸ್ಥೆಗೆ ಎರಡು ಬಿದಿರು ಗಳ, ಹಗ್ಗ, ಎರಡು ಸಣ್ಣ ರಾಟೆ ಸಾಕು. ಗಳಗಳನ್ನ ಸೂರಿನ ಹತ್ರ ಅಡ್ಡಕ್ಕೆ ಕಟ್ಟಿ, ರಾಟೆ ಮೇಲೆ ಹಗ್ಗ ಹಾಕಿ ಕೆಳಗೆ ಇಳಿಸೋ ಹಾಗೆ ಮಾಡ್ಕೊಳ್ಳಿ, ಬಟ್ಟೆ ಹರವಿ ಮೇಲೆ ಎಳೆದು ಗೂಟಕ್ಕೆ ಕಟ್ಟೋದು. ಬಿಸಿ ಗಾಳಿ ಮೇಲೇ ಇರುತ್ತೆ, ಹಾಗಾಗಿ ಎದೆ ಎತ್ತರದ ಸ್ಟ್ಯಾಂಡಿಗಿಂತ ಇಲ್ಲಿ ಬೇಗ ಒಣಗುತ್ತೆ, ಜಾಗಾನೂ ತಿನ್ನಲ್ಲ. ಒಳ್ಳೇ ಜಾಗ ಅಂದ್ರೆ ಬಚ್ಚಲ ಹಂಡೆ ಒಲೆ ಗೋಡೆಯ ಆಚೆ ಬದಿ. ಗೋಡೆ ಬೆಚ್ಚಗಿರುತ್ತೆ, ಹೊಗೆ ಮಾತ್ರ ಬರಲ್ಲ. ಒಲೆ ಮೇಲೇ ನೇರ ಕಟ್ಟಿದ್ರೆ ಬೇಗ ಒಣಗೋದು ನಿಜ ಆದ್ರೆ ಬಟ್ಟೆಗೆಲ್ಲ ಹೊಗೆ ವಾಸನೆ, ಮಸಿ. ಕರೆಂಟಿದ್ದಾಗ ಒಂದು ಟೇಬಲ್ ಫ್ಯಾನು ಅದ್ರ ಕಡೆ ತಿರುಗಿಸಿ. ಹರವೋಕ್ಮುಂಚೆ ಹಿಂಡಿದ ಲಂಗೋಟಿಗಳನ್ನ ದಪ್ಪ ಒಣ ಟವಲ್ಲಲ್ಲಿ ಸುರುಳಿ ಸುತ್ತಿ ಅದ್ರ ಮೇಲೆ ಒಂದ್ಸಲ ನಿಂತ್ಕೊಳ್ಳಿ, ಉಳಿದ ನೀರು ಎಷ್ಟು ಬರುತ್ತೆ ನೋಡಿ. ಕೊನೇ ತೇವ ಇಸ್ತ್ರಿ ಪೆಟ್ಟಿಗೆಗೆ ಬಿಡಿ.

ಕೆಂಡದ ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿ ಬಟ್ಟೆ ಒಣಗಿಸೋ ಹಳೇ ಪದ್ಧತಿ ಇದೆಯಲ್ಲ, ಬಚ್ಚಲಲ್ಲಿ ಯಾರಾದ್ರೂ ಪಕ್ಕದಲ್ಲೇ ಕೂತಿದ್ರೆ ಮಾಡ್ಕೊಳ್ಳಿ. ಬಾಣಂತಿ ಕೋಣೆ ಒಳಗೆ ಮಾತ್ರ ಕೆಂಡ ಬೇಡವೇ ಬೇಡ. ಚಳಿ ಅಂತ ಕಿಟಕಿ ಬಾಗಿಲು ಹಾಕಿ ಕೆಂಡದ ಬಾಣಲೆ ಇಟ್ರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತೆ, ಅದಕ್ಕೆ ವಾಸನೆ ಇಲ್ಲ, ಮಲಗಿದ್ದವರಿಗೆ ಎಚ್ಚರಾನೇ ಆಗಲ್ಲ. ಸಾಂಬ್ರಾಣಿ ಹೊಗೆನೂ ಕೂಸಿನ ಮೂಗಿನ ಹತ್ರ ಬೇಡ, ಮನೇಲಿ ಒಪ್ಪದಿದ್ರೆ ಡಾಕ್ಟ್ರ ಬಾಯಲ್ಲೇ ಹೇಳಿಸಿ.

ಅಕ್ಕನ ಮಗುದು, ಅತ್ತಿಗೆ ಮಗುದು ಅಂತ ಹಳೇ ಸ್ವೆಟರು ಟೋಪಿ ಟ್ರಂಕಿಂದ ಬರುತ್ತಲ್ಲ, ಅದ್ರಲ್ಲಿ ನುಸಿಗುಳಿಗೆ ಹಾಕಿದ್ರಾ ಅಂತ ಖಂಡಿತ ಕೇಳಿ. ನುಸಿಗುಳಿಗೇಲಿರೋ ನಾಫ್ತಲೀನ್ ಬಟ್ಟೆಗೆ ಹಿಡ್ಕೊಂಡಿರುತ್ತೆ, ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರೋ ಮಕ್ಕಳಿಗೆ ಅದ್ರಿಂದ ರಕ್ತಕಣ ಒಡೆದು ಕಾಮಾಲೆ ಜೋರಾಗಬಹುದು, ಯಾವ ಮಗುಗೆ ಆ ಕೊರತೆ ಇದೆ ಅಂತ ಮುಖ ನೋಡಿ ಗೊತ್ತಾಗಲ್ಲ. ಅಂಥ ಬಟ್ಟೆನ ಒಗೆದು ಬಿಸಿಲಲ್ಲಿ ದಿನಗಟ್ಲೆ ಹಾಕಿ, ವಾಸನೆ ಪೂರ್ತಿ ಹೋಗದೇ ಇದ್ರೆ ಆಸೆ ಬಿಟ್ಬಿಡಿ. ನೀವು ಎತ್ತಿಡುವಾಗ ಒಣಗಿಸಿದ ಬೇವಿನ ಸೊಪ್ಪು ಬಟ್ಟೇಲಿ ಗಂಟು ಕಟ್ಟಿ ಹಾಕಿ.

ತೊಟ್ಟಿಲು. ನಮ್ಮ ಕಡೆ ಅಟ್ಟದ ಮೇಲೆ ಒಂದಾದ್ರೂ ಹಳೇ ತೊಟ್ಟಿಲು ಸಿಗುತ್ತೆ, ಇಲ್ಲಾಂದ್ರೆ ನೆಂಟರ ಮನೇಲಿ. ಹಲಸು, ಬೀಟೆ ಮರದ್ದಾದ್ರೆ ನಿಮ್ಮ ಮೊಮ್ಮಕ್ಕಳೂ ಮಲಗಬಹುದು. ಮೊದ್ಲು ಕೀಲು ಅಲ್ಲಾಡಿಸಿ ನೋಡಿ, ಮರದಿಂದ ಹಿಟ್ಟಿನ ಥರ ಪುಡಿ ಉದುರ್ತಿದ್ರೆ ಹುಳ ಇದೆ, ಆಚಾರಿಗೆ ತೋರ್ಸಿ. ಬಣ್ಣ ಹೊಡೆದಿರೋ ತೊಟ್ಟಿಲಾದ್ರೆ ಹುಷಾರು. ಮನೆ ಪೇಂಟಲ್ಲಿ ಸೀಸ 90 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ ದಾಟಬಾರದು ಅಂತ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರಲ್ಲಿ, ಅದಕ್ಕೂ ಹಳೇ ಹಸಿರು ಹಳದಿ ಬಣ್ಣದಲ್ಲಿ ಸೀಸ ಇರೋ ಸಾಧ್ಯತೆ ಇದೆ, ಹಲ್ಲು ಬರೋ ಮಗು ಕಚ್ಚೋದು ಆ ಅಂಚನ್ನೇ. ಒಣಗಿದ್ದಂಗೇ ಉಜ್ಜಿದ್ರೆ ಧೂಳು ಮನೆ ತುಂಬಾ ಹಾರುತ್ತೆ, ಅಂಗಳದಲ್ಲಿ ನೀರು ಹಾಕಿ ಹಾಕಿ ಉಜ್ಜಬೇಕು, ಧೂಳಿಗೆ ಮಾಸ್ಕ್ ಹಾಕ್ಕೊಂಡು, ಕೆರೆದಿದ್ದನ್ನ ಒಟ್ಟುಮಾಡಿ ಕಟ್ಟಿ ಬಿಸಾಕಬೇಕು. ಆಮೇಲೆ ಅಗಸೆ ಎಣ್ಣೆ ತೆಳ್ಳಗೆ ಒರೆಸಿ ವಾರಗಟ್ಲೆ ಒಣಗೋಕೆ ಬಿಡಿ. ಒರೆಸಿದ ಬಟ್ಟೆನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಅಗಸೆ ಎಣ್ಣೆ ಒಣಗ್ತಾ ಬಿಸಿ ಆಗಿ ಬಟ್ಟೆ ತಾನಾಗೇ ಹೊತ್ತಿಕೊಳ್ಳೋದುಂಟು, ಹೊರಗೆ ಹರವಿ ಒಣಗಿಸಿ.

ಸುತ್ತಲಿನ ಕಡ್ಡಿಗಳ ನಡುವೆ ಆರು ಸೆಂಟಿಮೀಟರಿಗಿಂತ ಜಾಸ್ತಿ ಸಂದು ಇರಬಾರದು. ಅಳೆಯೋಕೆ ಟೇಪು ಇಲ್ವಾ, ದಪ್ಪನೆ ಕೂಲ್‌ಡ್ರಿಂಕ್ಸ್ ಟಿನ್ ತೂರಿಸಿ ನೋಡಿ, ತೂರಿದ್ರೆ ಮಗು ದೇಹ ಜಾರಿ ತಲೆ ಸಿಕ್ಕಾಕಿಕೊಳ್ಳಬಹುದು, ನಡುವೆ ಇನ್ನೊಂದು ಕಡ್ಡಿ ಹಾಕಿಸಿ. ನೇತು ಹಾಕೋ ಕೊಕ್ಕೆ ತೊಲೆಗೇ ಇರ್ಲಿ, ರೀಪಿಗೆ ಅಲ್ಲ. ಹಗ್ಗ ಹಳೇದು ಬೇಡ, ದುಡ್ಡು ಉಳಿಸೋ ಜಾಗ ಅಲ್ಲ ಇದು, ಹೊಸ ಹಗ್ಗಾನೋ ಸರಪಳಿನೋ ತನ್ನಿ. ಕಟ್ಟಿ ಆದ್ಮೇಲೆ 25 ಕೆಜಿ ಅಕ್ಕಿ ಮೂಟೆ ತೊಟ್ಟಿಲಲ್ಲಿ ಇಟ್ಟು ಒಂದು ರಾತ್ರಿ ಬಿಡಿ, ಬೆಳಿಗ್ಗೆ ಗಂಟು ಜಾರಿದ್ಯಾ, ಕೊಕ್ಕೆ ಬಾಗಿದ್ಯಾ ನೋಡಿ. ಎತ್ತರ ನೆಲದಿಂದ ಒಂದೂವರೆ ಅಡಿ ಸಾಕು. ಮಗು ಮಗುಚೋಕೆ, ಕೈ ಊರಿ ಏಳೋಕೆ ಶುರು ಮಾಡಿದ ದಿನವೇ ತೊಟ್ಟಿಲು ಮತ್ತೆ ಅಟ್ಟಕ್ಕೆ.

ಸೀರೆ ಜೋಲಿ ಕಟ್ಟೋದು ಎಲ್ಲಕ್ಕಿಂತ ಅಗ್ಗ, ಅಳೋ ಮಗುನೂ ತಕ್ಷಣ ಸುಮ್ಮನಾಗುತ್ತೆ. ಆದ್ರೆ ಜೋಲೀಲಿ ಬೆನ್ನು ಬಿಲ್ಲಾಗಿ ಗಲ್ಲ ಎದೆಗೆ ತಾಗಿದ್ರೆ ಉಸಿರಾಟಕ್ಕೆ ಕಷ್ಟ, ಸಣ್ಣ ಕೂಸಿಗೆ ತಲೆ ಎತ್ತೋ ಶಕ್ತಿ ಇರಲ್ಲ. ಸಮಾಧಾನ ಮಾಡೋಕೆ ಕಣ್ಣೆದುರಿಗೆ ಸ್ವಲ್ಪ ಹೊತ್ತು ಸರಿ, ರಾತ್ರಿ ನಿದ್ದೆಗೆ ನನ್ನ ಪ್ರಕಾರ ಬೇಡ.

ಹಾಸಿಗೆ ಗಟ್ಟಿ, ಸಪಾಟಾಗಿರಬೇಕು. ಬೂರುಗದ ಹತ್ತಿ ಹಾಸಿಗೆ ಮೆತ್ತಗೆ ಸುಖವಾಗಿರುತ್ತೆ ಆದ್ರೆ ಮಗು ಮುಖ ಅದ್ರೊಳಗೆ ಹೂತು ಹೋಗಬಹುದು. ಹಳೇ ಜಮಖಾನನ ತೊಟ್ಟಿಲ ಅಳತೆಗೆ ಪದರ ಪದರ ಮಡಚಿ, ಅಲ್ಲಾಡದ ಹಾಗೆ ದಬ್ಬಣದಲ್ಲಿ ಅಲ್ಲಲ್ಲಿ ಟಾಕಾ ಹಾಕಿ, ಬೆಡ್‌ಶೀಟಿನ ಗವಸು ಎರಡು ಹೊಲಿದಿಟ್ರೆ ಮುಗೀತು. ಅಂಚಲ್ಲಿ ಎಲ್ಲೂ ಸಂದು ಉಳೀಬಾರದು. ಗವಸಿನ ಕೆಳಗೆ ಮೆಡಿಕಲ್ ಶಾಪಲ್ಲಿ ಮೀಟರ್ ಲೆಕ್ಕದಲ್ಲಿ ಸಿಗೋ ರಬ್ಬರ್ ಶೀಟು. ಮಗುನ ಅಂಗಾತ ಮಲಗಿಸಿ. ದಿಂಬು, ಸಾಸಿವೆ ದಿಂಬು, ದಪ್ಪ ಕೌದಿ, ಗೊಂಬೆ ಇವೆಲ್ಲ ಮಗು ಮಲಗಿರುವಾಗ ತೊಟ್ಟಿಲಲ್ಲಿ ಬೇಡ, ತಲೆ ದುಂಡಗಾಗ್ಲಿ ಅಂದ್ರೆ ಎಚ್ಚರ ಇದ್ದಾಗ ನಿಮ್ಮ ಕಣ್ಣೆದುರಿಗೆ ಸ್ವಲ್ಪ ಹೊತ್ತು ಬೋರಲು ಹಾಕಿ.

ಸೊಳ್ಳೆ ಪರದೆ ಕಡ್ಡಾಯ. ಹಳೇ ಡಬಲ್ ಕಾಟ್ ಪರದೆ ಹರಿದಿದ್ರೆ ಚೆನ್ನಾಗಿರೋ ಭಾಗ ಕತ್ತರಿಸಿ ತೊಟ್ಟಿಲಿಗೆ ಆಗುತ್ತೆ, ಬಿಗಿಯಾಗಿ ಹೊರಗಡೆಯಿಂದ ಕಟ್ಟಿ, ಮಗು ಮೇಲೆ ಜೋತು ಬೀಳಬಾರದು. ಹಾಲಿನ ವಾಸನೆಗೆ ಇರುವೆ ಬರುತ್ತೆ. ನೆಲದ ತೊಟ್ಟಿಲಾದ್ರೆ ಕಾಲಿನ ಕೆಳಗೆ ನೀರು ತುಂಬಿದ ಬಟ್ಟಲು ಇಡ್ತಾರೆ, ಇಡಿ, ಆದ್ರೆ ದಿನಾ ನೀರು ಚೆಲ್ಲಿ ಬಟ್ಟಲು ಉಜ್ಜಿ ಹೊಸ ನೀರು ಹಾಕಿ, ಇಲ್ಲಾಂದ್ರೆ ವಾರ ಹತ್ತು ದಿನದಲ್ಲಿ ಡೆಂಗಿ ಸೊಳ್ಳೆ ಅಲ್ಲೇ ಹುಟ್ಟುತ್ತೆ.

ಬಟ್ಟೆ ಜೋಡಿಸೋಕೆ ಶೆಲ್ಫ್ ಬೇಕಂದ್ರೆ ಪರಿಚಯದ ಎಸ್ಟೇಟಲ್ಲಿ ಸಿಲ್ವರ್ ಓಕ್ ಹಲಗೆ ಕೇಳಿ, ತೇಗಕ್ಕಿಂತ ಎಷ್ಟೋ ಅಗ್ಗ. ಗೆದ್ದಲಿಗೆ ಅದು ತಡೆಯಲ್ಲ, ಹಾಗಾಗಿ ನೆಲಕ್ಕೆ ತಾಗದ ಹಾಗೆ ಗೋಡೆಗೆ ಬ್ರಾಕೆಟ್ ಹೊಡೆದು ಕೂರಿಸಿ. ಆಟಕ್ಕೆ ಒಣಗಿದ ಕಾಫಿ ಕೊಂಬೆ ಒಂದನ್ನ ತೊಗಟೆ ತೆಗೆದು ನುಣ್ಣಗೆ ಮಾಡಿ, ಕಪ್ಪು ಬಿಳಿ ಬಟ್ಟೆ ಚೂರಲ್ಲಿ ಹಕ್ಕಿ, ಮೀನು ಹೊಲಿದು ಕಟ್ಟಿ. ಹುಟ್ಟಿದ ಮಗುಗೆ ಒಂದಡಿಗಿಂತ ಆಚೆ ಮಬ್ಬು, ಕಪ್ಪು ಬಿಳಿ ಆದ್ರೆ ಬೇಗ ಕಣ್ಣಿಗೆ ಬೀಳುತ್ತೆ. ಎಚ್ಚರ ಇದ್ದಾಗ ನೀವೇ ಕೈಯಲ್ಲಿ ಹಿಡಿದು ಆಡಿಸಿ, ತೊಟ್ಟಿಲಿಗೆ ಕಟ್ಟಿಬಿಟ್ಟು ಹೋಗ್ಬೇಡಿ.

ಇನ್ನು ಹೊಸ ಹಗ್ಗ, ರಬ್ಬರ್ ಶೀಟು, ರಾಟೆ ಇಷ್ಟಕ್ಕೆ ದುಡ್ಡು ಎಲ್ಲಿಂದ ಅಂದ್ರೆ, ಬಸುರಿ ಅಂತ ಗೊತ್ತಾದ ಕೂಡ್ಲೆ ತಾಯಿ ಕಾರ್ಡ್ ಮಾಡಿಸಿ ಅಂಗನವಾಡೀಲಿ ಕೇಂದ್ರ ಸರ್ಕಾರದ ಮಾತೃ ವಂದನಾ ಯೋಜನೆಗೆ ಅರ್ಜಿ ಕೊಡಿ. ಅರ್ಹತೆ ಇರೋರಿಗೆ ಮೊದಲ ಮಗುಗೆ ಒಟ್ಟು 5,000 ರೂಪಾಯಿ ಎರಡು ಕಂತಲ್ಲಿ ಅಕೌಂಟಿಗೆ ಬರುತ್ತೆ, ಎರಡನೇದು ಹೆಣ್ಣಾದ್ರೆ 6,000. ಮೊದಲ ಕಂತಿಗೆ ಬಸುರಿ ನೋಂದಣಿ ಮತ್ತೆ ಒಂದು ತಪಾಸಣೆ ಬೇಕು, ಎರಡನೇದಕ್ಕೆ ಮಗು ಜನನ ನೋಂದಣಿ, ಮೊದಲ ಸುತ್ತಿನ ಲಸಿಕೆ. ಆಧಾರ್ ಅಕೌಂಟಿಗೆ ಲಿಂಕ್ ಆಗಿದ್ಯಾ ಅಂತ ಮೊದ್ಲೇ ಬ್ಯಾಂಕಲ್ಲಿ ಕೇಳ್ಕೊಂಡು ಬನ್ನಿ, ಬಾಣಂತಿ ಆದ್ಮೇಲೆ ಆ ಓಡಾಟ ಆಗೋ ಮಾತಲ್ಲ.