ರಾಗಿ ಕಾಳಿನಿಂದ ಶುರು: ಮೊದಲ ಸೆಮಿಸ್ಟರ್‌ಗೆ ಜೀವಕೋಶ ಕಲಿಸಿದ ನನ್ನ ಅನುಭವ

ಈ ಸಲ ನನ್ನ ಮೊದಲ ಸೆಮಿಸ್ಟರ್ ಕ್ಲಾಸಿನಲ್ಲಿ ನಲವತ್ತು ಚಿಲ್ಲರೆ ಮಕ್ಕಳು. ಈರುಳ್ಳಿ ಪೊರೆಯ ಚಿತ್ರದಲ್ಲಿ ಮೈಟೊಕಾಂಡ್ರಿಯ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗ, ಬರೆದವರು ಇಬ್ಬರೇ. ಮಾಮೂಲಿ ಸ್ಲೈಡಿನಲ್ಲಿ ಅದು ನಮಗೆ ಕಾಣುವುದಿಲ್ಲ, ಆದರೂ ಪುಸ್ತಕದ ನೆನಪಿನಿಂದ ಬರೆದುಬಿಡುತ್ತಾರೆ. ಪ್ರಾಕ್ಟಿಕಲ್ ಮಾಡಿಸುವವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ವರ್ಷದ ಹಿಂದೆ ಹೆಚ್ಚು ಕಡಿಮೆ ಎಲ್ಲರೂ ಬರೆದಿದ್ದರು. ಕೋಶದೊಳಗಿನ ಬೇರೆ ಸಣ್ಣ ಭಾಗಗಳಾದ ಗಾಲ್ಗಿ ಇತ್ತು, ರೈಬೋಸೋಮ್ ಕೂಡ ಇತ್ತು. ರೈಬೋಸೋಮ್ 25 ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ ಒಂದು ನ್ಯಾನೊಮೀಟರ್) ಆಸುಪಾಸಿನದು. ನಮ್ಮ ಮೈಕ್ರೋಸ್ಕೋಪು 200 ನ್ಯಾನೊಮೀಟರ್‌ಗಿಂತ ಸೂಕ್ಷ್ಮವಾದದ್ದನ್ನು ಬಿಡಿಸಿ ತೋರಿಸುವುದೇ ಇಲ್ಲ. "ಎಲ್ಲಿ ಕಂಡಿತಮ್ಮ ಇದು?" ಅಂತ ಒಬ್ಬ ಹುಡುಗಿಯನ್ನು ಕೇಳಿದೆ. "ಪಿಯುಸಿ ಬುಕ್ಕಲ್ಲಿತ್ತು ಮೇಡಂ" ಅಂದಳು. ಸುಳ್ಳು ಹೇಳುವ ಹುಡುಗಿ ಅಲ್ಲ ಅವಳು. ಕಂಡದ್ದನ್ನು ಬರೆಯಬೇಕು ಅಂತ ಅವಳಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಮಂಡ್ಯದ ಹತ್ತಿರದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಬರುವ ಮಕ್ಕಳಿಗೆ ಜೀವಕೋಶ ಹೊಸದಲ್ಲ. "ಇದೆಲ್ಲ ಆಗಿದೆ ಮೇಡಂ" ಅಂತಲೇ ಕೂರುತ್ತಾರೆ. ಅದಕ್ಕೆ ಈಗ ಮೊದಲ ದಿನವೇ ಹೇಳಿಬಿಡುತ್ತೇನೆ. ಮೂರು ವಾರ ಪುಸ್ತಕ ತೆಗೆಯುವ ಹಾಗಿಲ್ಲ. ಕಂಡದ್ದನ್ನೇ ಬರೆಯಬೇಕು. ಪ್ರತಿ ಚಿತ್ರದ ಪಕ್ಕ ಅಳತೆ ಇರಬೇಕು. ಕಾಣದಿದ್ದರೆ 'ಕಾಣಲಿಲ್ಲ' ಅಂತ ಬರೆದರೂ ನಾನು ಮಾರ್ಕ್ಸ್ ಕೊಡುತ್ತೇನೆ.

ನಮ್ಮ ಹಿರಿಯ ಉಪನ್ಯಾಸಕರೊಬ್ಬರಿಗೆ ಇದು ಹಿಡಿಸಲಿಲ್ಲ. "ನೋಡಮ್ಮ, ಇವರಿಗೆ ಪಾಸಾಗೋ ನೋಟ್ಸ್ ಕೊಟ್ಟರೆ ಸಾಕು. ಮೂರು ವಾರ ಆಟ ಆಡಿಸಿದರೆ ಸಿಲಬಸ್ ಯಾರು ಮುಗಿಸ್ತಾರೆ?" ಅಂದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಒಂದು ಯೂನಿಟ್ ಪೂರ್ತಿ ಉಳಿಯಿತು. ನಾಲ್ಕು ಭಾನುವಾರ ಕ್ಲಾಸ್ ತೆಗೆದುಕೊಂಡು ಮುಗಿಸಿದೆ. ಎರಡನೇ ವರ್ಷ ಒಂದು ವಾರ ಮಾತ್ರ ಹೆಚ್ಚು ಬೇಕಾಯಿತು. ಮೂರನೇ ವರ್ಷದಿಂದ ಹತ್ತು ದಿನ ಮೊದಲೇ ಮುಗಿಯುತ್ತಿದೆ. ಅಳತೆ ಕೈಗೆ ಬಂದ ಮಕ್ಕಳಿಗೆ ಮೆಂಬ್ರೇನು, ನ್ಯೂಕ್ಲಿಯಸ್ಸು ಅಂತ ಎರಡೆರಡು ಸಲ ಹೇಳಬೇಕಾಗುವುದಿಲ್ಲ.

ಶುರು ಮಾಡುವುದು ರಾಗಿ ಕಾಳಿನಿಂದ. ಎಲ್ಲರ ಕೈಗೆ ಒಂದೊಂದು ಕಾಳು ಕೊಡುತ್ತೇನೆ. ಇದರ ಅಗಲಕ್ಕೆ ನಿಮ್ಮ ಕೆನ್ನೆಯ ಎಷ್ಟು ಕೋಶ ಸಾಲಾಗಿ ಕೂರುತ್ತವೆ? ಐದು ಅನ್ನುವವರಿದ್ದಾರೆ, ಹತ್ತು ಲಕ್ಷ ಅನ್ನುವವರೂ ಇದ್ದಾರೆ. ಆಮೇಲೆ ಕೆನ್ನೆಯ ಒಳಗೆ ಕೆರೆಯಲು ಟೂತ್‌ಪಿಕ್, ಬಣ್ಣಕ್ಕೆ ಮೆಥಿಲೀನ್ ಬ್ಲೂ, ಅಳೆಯಲು ಮೈಕ್ರೋಮೀಟರ್. ನಮ್ಮ ಮೈಕ್ರೋಸ್ಕೋಪಿನಲ್ಲಿ 40ರ ಆಬ್ಜೆಕ್ಟಿವ್‌ಗೆ (ಸ್ಲೈಡಿನ ಕಡೆಯ ಲೆನ್ಸಿಗೆ) ಆಕ್ಯುಲರಿನ, ಅಂದರೆ ಕಣ್ಣಿಡುವ ಕಡೆಯ ಅಳತೆಪಟ್ಟಿಯ, ಒಂದು ಗೆರೆ ಎರಡೂವರೆ ಮೈಕ್ರಾನ್ ಬರುತ್ತದೆ; ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಕೆನ್ನೆಯ ಕೋಶ ಸುಮಾರು 24 ಗೆರೆ, ಅಂದರೆ 60 ಮೈಕ್ರಾನ್. ರಾಗಿ ಒಂದೂವರೆ ಮಿಲಿಮೀಟರ್. ಇಪ್ಪತ್ತೈದು ಕೋಶ! ಅದೇ ಕಾಳಿನ ಅಗಲಕ್ಕೆ ಕೆಂಪು ರಕ್ತಕಣ ಇನ್ನೂರು ಕೂರುತ್ತವೆ ಅಂತ ಅವರೇ ಲೆಕ್ಕ ಹಾಕುತ್ತಾರೆ. ಆ ದಿನದಿಂದ ಯಾರೂ "ಇದೆಲ್ಲ ಆಗಿದೆ" ಅನ್ನುವುದಿಲ್ಲ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಲ್ಯಾಬಿನಲ್ಲಿ ಹನ್ನೊಂದು ಮೈಕ್ರೋಸ್ಕೋಪ್ ಇದ್ದವು, ನೋಡುವ ಹಾಗಿದ್ದದ್ದು ನಾಲ್ಕು. ಉಳಿದವುಗಳ ಲೆನ್ಸಿನಲ್ಲಿ ಬೂಷ್ಟು. ಮೈಸೂರಿನ ಒಬ್ಬ ರಿಪೇರಿಯವರು ಐದನ್ನು ಸರಿ ಮಾಡಿಕೊಟ್ಟರು, ಮೂರು ಸಾವಿರದ ಹತ್ತಿರ ಆಯಿತು. ಗೆರೆಯ ಅಳತೆ ಸರಿಹೊಂದಿಸುವ ಸ್ಟೇಜ್ ಮೈಕ್ರೋಮೀಟರ್ ಎಂಟುನೂರೋ ಒಂಬೈನೂರೋ ಕೊಟ್ಟು ತಂದೆ, ಒಂದೇ ಒಂದು. ಸ್ಲೈಡು, ಕವರ್‌ಸ್ಲಿಪ್ಪು, ಅಸಿಟೋಕಾರ್ಮಿನ್ ಬಣ್ಣ ಎಲ್ಲ ಸೇರಿ ಮೊದಲ ವರ್ಷ ಏಳು ಸಾವಿರ ನನ್ನ ಕೈಯಿಂದ ಹೋಯಿತು. ಆ ವರ್ಷ ನಮಗೆ ನಾಲ್ಕು ತಿಂಗಳು ಸಂಬಳ ಬಂದಿರಲಿಲ್ಲ. ಮನೆಯಲ್ಲಿ ಇದನ್ನು ಹೇಳಲು ನನಗೆ ತುಂಬಾ ಕಷ್ಟವಾಗಿತ್ತು. ಈಗ ವರ್ಷಕ್ಕೆ ಸಾವಿರದ ಐನೂರರಲ್ಲಿ ಮುಗಿಯುತ್ತದೆ, ಅದರಲ್ಲಿ ಅರ್ಧ ಕಾಲೇಜೇ ಕೊಡುತ್ತದೆ.

ರಿಯೋ ಅನ್ನುವ ನೇರಳೆ ಬಣ್ಣದ ಅಲಂಕಾರಿಕ ಗಿಡದ ಎಲೆಯಲ್ಲಿ ಮೊದಲು ಸೋತೆ. ಉಪ್ಪಿನಕಾಯಿಯ ಮಾವಿನ ಹೋಳು ಯಾಕೆ ನೀರು ಬಿಡುತ್ತದೆ ಅಂತ ಕೇಳಿ ಪ್ಲಾಸ್ಮೊಲಿಸಿಸ್, ಅಂದರೆ ನೀರು ಹೊರಹೋಗಿ ಕೋಶದ ಒಳಭಾಗ ಮುದುಡುವುದನ್ನು, ತೋರಿಸಲು ಹೊರಟಿದ್ದೆ. ಉಪ್ಪು ಕರಗುವಷ್ಟೂ ಹಾಕಿದ್ದೆ. ನೇರಳೆ ಬಣ್ಣ ಕ್ಷಣದಲ್ಲಿ ಮುದುಡಿತು, ಮಕ್ಕಳು ಚಪ್ಪಾಳೆ ಹೊಡೆದರು. ಆಮೇಲೆ ನೀರು ಹಾಕಿದರೆ ವಾಪಸ್ ಉಬ್ಬಲೇ ಇಲ್ಲ. ಕೋಶ ಸತ್ತೇ ಹೋಗಿತ್ತು. ಈಗ ಸಕ್ಕರೆಯಲ್ಲೇ ಮಾಡುತ್ತೇನೆ, 100 ಎಂಎಲ್‌ಗೆ 20 ಗ್ರಾಂ ಆಸುಪಾಸು. ನಿಧಾನ, ಆದರೆ ಮುದುಡುವುದೂ ಕಾಣುತ್ತದೆ, ವಾಪಸ್ ಬರುವುದೂ ಕಾಣುತ್ತದೆ. ಸತ್ತ ಕೋಶಕ್ಕೂ ಬದುಕಿದ ಕೋಶಕ್ಕೂ ಇರುವ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ ಅಲ್ವಾ.

ಕೋಶ ವಿಭಜನೆ ತೋರಿಸಲು ಬೆಳೆಸಿದ ಈರುಳ್ಳಿ ಬೇರು ಇನ್ನೂ ಸತಾಯಿಸಿತು. ಒಂದು ವರ್ಷ ಪೂರ್ತಿ ಕೊಳೆತವು. ನೀರು ತಳಕ್ಕೆ ತಾಗಿದರೆ ಸಾಕು, ಮುಳುಗಬಾರದು. ಮುಂದಿನ ವರ್ಷ ಬೇರು ಚೆನ್ನಾಗಿ ಬಂತು. ಪ್ರಾಕ್ಟಿಕಲ್ ಮಧ್ಯಾಹ್ನ ಎರಡಕ್ಕೆ, ಅಲ್ಲೇ ಕತ್ತರಿಸಿ ಫಿಕ್ಸ್ ಮಾಡಿದೆವು, ಅಂದರೆ ಕೋಶ ಇದ್ದ ಸ್ಥಿತಿಯಲ್ಲೇ ನಿಲ್ಲುವ ಹಾಗೆ ದ್ರಾವಣದಲ್ಲಿ ಹಾಕಿದೆವು. ಮುಂದಿನ ಕ್ಲಾಸಿನಲ್ಲಿ ಎರಡು ಗಂಟೆ ಹುಡುಕಿದರೂ ಒಂದು ಮೆಟಾಫೇಸ್ (ವಿಭಜನೆಯಲ್ಲಿ ಕ್ರೋಮೋಸೋಮ್‌ಗಳು ನಡುವೆ ಸಾಲಾಗುವ ಹಂತ) ಸರಿಯಾಗಿ ಸಿಗಲಿಲ್ಲ. ಆ ದಸರಾ ರಜದಲ್ಲಿ ಮನೆಯಲ್ಲೇ ಆರು ಗಂಟೆ, ಎಂಟೂವರೆ, ಹನ್ನೊಂದು, ಎರಡು ಅಂತ ಬೇರೆ ಬೇರೆ ಹೊತ್ತಿಗೆ ಫಿಕ್ಸ್ ಮಾಡಿ ನೋಡಿದೆ. ನಮ್ಮ ಕಡೆಯ ಈರುಳ್ಳಿಗೆ ಎಂಟೂವರೆಯೇ ಸರಿ. ಫಿಕ್ಸ್ ಮಾಡಲು ಬೇಕಾದ ಈಥನಾಲ್ ಸಿಗುವುದು ಕಷ್ಟ ಅಂತ ನಿಮಗೂ ಗೊತ್ತು. ಮೆಥನಾಲ್ ಮೂರು ಭಾಗ, ಅಸಿಟಿಕ್ ಆಸಿಡ್ ಒಂದು ಭಾಗ ಹಾಕಿದೆ, ಏನೂ ಕಡಿಮೆಯಾಗಲಿಲ್ಲ. ನೆನೆಹಾಕುವ ನೀರಿಗೆ ನಾನು ಒಂದು ಸೇರಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ನಾಲ್ಕು ವರ್ಷದ ಗಳಿಕೆ. ಸ್ಕ್ವಾಶ್ ಮಾಡುವಾಗ, ಅಂದರೆ ಬೇರಿನ ತುದಿಯನ್ನು ಸ್ಲೈಡಿನ ಮೇಲೆ ಒತ್ತಿ ಹರಡುವಾಗ, ಹೆಬ್ಬೆರಳು ಎಲ್ಲಿ ಒತ್ತಬೇಕು ಅನ್ನುವುದೂ ನೋಡಿಯೇ ಕಲಿಯಬೇಕಾದದ್ದು. ಈಗ ಮಕ್ಕಳು ನೂರಕ್ಕೆ ಏಳೆಂಟು ಕೋಶ ವಿಭಜನೆಯಲ್ಲಿರುವುದನ್ನು ಎಣಿಸಿ ಕೊಡುತ್ತಾರೆ.

ನಡುವೆ ಬೇರೆ ಕೆಲಸವೂ ಮಾಡಿದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಿಂದ ಹೈಡ್ರಿಲ್ಲ ಅನ್ನುವ ನೀರುಗಿಡ ತಂದೆ. ಎಲೆಯ ನಡುನರದ ಹತ್ತಿರ ಕ್ಲೋರೋಪ್ಲಾಸ್ಟ್, ಅಂದರೆ ಕೋಶದೊಳಗಿನ ಹಸಿರು ಕಣಗಳು, ಸಾಲಾಗಿ ಸುತ್ತು ಹೊಡೆಯುತ್ತವೆ. ತಂದ ಕೂಡಲೇ ನೋಡಿದರೆ ನಿಂತೇ ಇದ್ದವು, ಬಲ್ಬಿನ ಬೆಳಕಿಗೆ ಕಾಲು ಗಂಟೆ ಇಟ್ಟ ಮೇಲೆ ಹೊರಟವು. ಎರಡು ದಿನದ ಕಬ್ಬಿನ ಹಾಲಿನಲ್ಲಿ ಯೀಸ್ಟ್ ಮೊಗ್ಗು ಬಿಡುವುದನ್ನು ನೋಡಿದೆವು. ನಾನು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಓದುವಾಗ ಡ್ರೊಸೊಫಿಲ ಅನ್ನುವ ಹಣ್ಣಿನ ನೊಣದ ಲಾರ್ವಾದ ಜೊಲ್ಲುಗ್ರಂಥಿಯಲ್ಲಿ ಪಾಲಿಟೀನ್ ಕ್ರೋಮೋಸೋಮ್, ಅಂದರೆ ಪಟ್ಟೆ ಪಟ್ಟೆಯಾಗಿ ಕಾಣುವ ದೈತ್ಯ ಕ್ರೋಮೋಸೋಮ್, ನೋಡಿದ್ದೆ. ಇಲ್ಲಿ ನೊಣ ಸಾಕುವ ವ್ಯವಸ್ಥೆ ಇಲ್ಲ. ಹಾಸ್ಟೆಲ್ ಹಿಂದಿನ ಚರಂಡಿಯ ಕೆಂಪು ಹುಳು, ಅದೇ ಕೈರೊನೊಮಸ್, ಅದರಲ್ಲಿ ಇನ್ನೂ ದಪ್ಪ ಪಟ್ಟೆ ಸಿಕ್ಕಿತು. ಖರ್ಚು ಸೊನ್ನೆ. ಸಿಲಬಸ್ಸಿನ ಕ್ರಮದಲ್ಲಿ ಅದು ಆಮೇಲೆ ಬರುತ್ತದೆ ಅಂತ ಗೊತ್ತು. ಆದರೂ ಎರಡನೇ ವಾರವೇ ತೋರಿಸಿದೆ, ತೋರಿಸದೆ ಇರಲು ಆಗಲಿಲ್ಲ.

ಈ ವರ್ಷ ಕೊನೆಯ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. ಕನ್ನಡ ಮೀಡಿಯಂನಿಂದ ಬಂದವನು. "ನಮಗೆ ಕಾಣಲ್ಲ ಅಂದರೆ ಮೈಟೊಕಾಂಡ್ರಿಯ ಇದೆ ಅಂತ ಹೇಗೆ ಗೊತ್ತಾಯ್ತು ಮೇಡಂ?" ಈ ಪ್ರಶ್ನೆಗೆ ನಾನು ನಾಲ್ಕು ವರ್ಷ ಕಾದಿದ್ದೆ. ಬದುಕಿದ ಕೋಶದ ಮೈಟೊಕಾಂಡ್ರಿಯಕ್ಕೆ ಹಿಡಿಯುವ ಜೇನಸ್ ಗ್ರೀನ್ ಬಿ ಬಣ್ಣ ತರಿಸಿದೆ. ಎರಡು ಸಲ ಗಾಢವಾಗಿ ಕಲಸಿ ಕೋಶವೆಲ್ಲ ಹಸಿರಾಯಿತು. ಮೂರನೇ ಸಲ ತೀರಾ ತೆಳುವಾಗಿ ಹಾಕಿ, ಆಯಿಲ್ ಇಮ್ಮರ್ಶನ್ (ಎಣ್ಣೆ ಹನಿ ಹಾಕಿ ನೋಡುವ ಹೆಚ್ಚು ಶಕ್ತಿಯ ಲೆನ್ಸು) ಇರುವ ಒಂದೇ ಮೈಕ್ರೋಸ್ಕೋಪಿನಲ್ಲಿ ಅದೇ ಈರುಳ್ಳಿ ಪೊರೆ ನೋಡಿದೆವು. ಕೋಶದ ಅಂಚಿನಲ್ಲಿ ನೀಲಿಹಸಿರು ಚುಕ್ಕೆ ಕಂಡವು. ಸ್ವಲ್ಪ ಹೊತ್ತಿಗೆ ಬಣ್ಣ ಹೋಯಿತು, ಅಷ್ಟರಲ್ಲಿ ಅವನು ನೋಡಿಯಾಗಿತ್ತು. ರೆಕಾರ್ಡಿನಲ್ಲಿ ನಾಲ್ಕೇ ನಾಲ್ಕು ಚುಕ್ಕೆ ಇಟ್ಟಿದ್ದಾನೆ. ಪಕ್ಕದಲ್ಲಿ ಬರೆದಿದ್ದಾನೆ: 'ಒಂದು ಗೆರೆಗಿಂತ ಕಡಿಮೆ, ಅಳತೆಗೆ ಸಿಗಲಿಲ್ಲ.'