ಅಟ್ಟದಿಂದ ಇಳಿಸಿದ ಜೇನುಪೆಟ್ಟಿಗೆ

ಮದುವೆಯಾಗಿ ಶಿರಸಿ ಕಡೆಯ ಈ ಮನೆಗೆ ಬಂದಾಗ ಅಟ್ಟದ ಮೇಲೆ 14 ಜೇನುಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಎಲ್ಲ ಖಾಲಿ. ಮಾವ ಅವುಗಳ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಅತ್ತೆಯನ್ನು ಕೇಳಿದಾಗ ವಿಷಯ ಗೊತ್ತಾಯಿತು. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ಪೆಟ್ಟಿಗೆಯಲ್ಲಿ ಸಾಕುವ ದಕ್ಷಿಣ ಭಾರತದ ತುಡುವೆ ಜೇನಿಗೆ ದೊಡ್ಡ ಪೆಟ್ಟು ಕೊಟ್ಟಿತ್ತು. ಎರಿಯ, ಅಂದರೆ ಮೇಣದ ಹಲ್ಲೆಯ, ಕೋಣೆಯೊಳಗಿನ ಮರಿ ಹುಳುವಾಗುವ ಮೊದಲೇ ನೀರು ತುಂಬಿದ ಚೀಲದ ಹಾಗಾಗಿ ಸಾಯುತ್ತದೆ. ಹೊಸ ಹುಳು ಹುಟ್ಟದಿದ್ದರೆ ಕುಟುಂಬ ಎಷ್ಟು ದಿನ ಉಳಿದೀತು? ಮಾವನ 14 ಪೆಟ್ಟಿಗೆಯೂ ಒಂದೇ ವರ್ಷದಲ್ಲಿ ಖಾಲಿಯಾದವು.

ಅತ್ತೆ ಇನ್ನೊಂದು ಮಾತು ಹೇಳಿದರು. ಆ ವರ್ಷದಿಂದ ಹಿತ್ತಲಿನ ಕುಂಬಳಕ್ಕೆ ಕಾಯಿ ನಿಲ್ಲುವುದು ಕಡಿಮೆಯಾಯಿತಂತೆ. ಆಮೇಲೆ ಅವರೇ 'ಹೂ ಮುಟ್ಟಿಸಲು' ಶುರು ಮಾಡಿದರು. ನಾನು ಬಂದ ಮೇಲೂ ದಿನಾ ಬೆಳಗ್ಗೆ ಮಾಡುತ್ತಿದ್ದರು. ಕುಂಬಳದ ಹೂವು ನಸುಕಿಗೆ ಅರಳಿ, ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಆಗಲೇ ಇರುತ್ತದೆ. ಅತ್ತೆ ಗಂಡು ಹೂವು ಕಿತ್ತು, ಎಸಳು ಹರಿದು, ನಡುವಿನ ಹಳದಿ ಕಡ್ಡಿಯನ್ನು ಹೆಣ್ಣು ಹೂವಿನೊಳಗೆ ನಿಧಾನಕ್ಕೆ ತಿರುಗಿಸುತ್ತಿದ್ದರು. ಮುಟ್ಟಿಸದೆ ಬಿಟ್ಟ ಹೂವಿನ ಪುಟ್ಟ ಕಾಯಿ ನಾಲ್ಕೈದು ದಿನಕ್ಕೆ ಹಳದಿಯಾಗಿ ಉದುರುತ್ತಿತ್ತು. ಅರೆಬರೆ ಮುಟ್ಟಿದ್ದು ಒಂದು ಬದಿ ಊದಿ, ಇನ್ನೊಂದು ಬದಿ ಸೊಟ್ಟಗಾಗುತ್ತಿತ್ತು. ಸೌತೆಯೂ ಹಾಗೆಯೇ. ಪರಾಗ ಸರಿಯಾಗಿ ಬೀಳದಿದ್ದರೆ ಕಾಯಿ ನೆಟ್ಟಗೆ ಬೆಳೆಯುವುದಿಲ್ಲ. ಜೇನು ಮಾಡುವ ಕೆಲಸ ಏನು ಅಂತ ನಾನು ಕಲಿತದ್ದು ಅತ್ತೆಯ ಕೈ ನೋಡಿ.

2011ರಲ್ಲಿ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸಿದೆ. ಬಿಸಿನೀರಿನಲ್ಲಿ ತೊಳೆದು, ನಾಲ್ಕು ದಿನ ಬಿಸಿಲಿಗಿಟ್ಟೆ. ಆರು ಪೆಟ್ಟಿಗೆ ಗಟ್ಟಿಯಾಗಿದ್ದವು, ಉಳಿದವಕ್ಕೆ ಗೆದ್ದಲು ಹಿಡಿದಿತ್ತು. ಕುಟುಂಬ ಎಲ್ಲಿಂದ ತರುವುದು ಅಂತ ಯೋಚನೆಯಲ್ಲಿದ್ದೆ. ಒಂದು ಸಂಜೆ ಮಾವ ತಾವಾಗಿಯೇ ಬಂದು, "ತಂಗೀ, ಸೊಪ್ಪಿನ ಬೆಟ್ಟದ ಹುತ್ತದಲ್ಲಿ ತುಡುವೆ ಇದೆ. ನಾಳೆ ಹೋಗೋಣ" ಅಂದರು.

ಮರುದಿನ ಕಂಡದ್ದನ್ನು ನಾನು ಮರೆಯಲಾರೆ. ಮಾವ ತೆಂಗಿನ ಸಿಪ್ಪೆಯ ಹೊಗೆ ಕೊಟ್ಟು, ಹುತ್ತದ ಬಾಯಿ ಸ್ವಲ್ಪ ಸ್ವಲ್ಪವೇ ಬಿಡಿಸಿದರು. ಒಳಗೆ ಏಳು ಎರಿ ಇದ್ದವು. ಒಂದೊಂದನ್ನೇ ಚಾಕುವಿನಲ್ಲಿ ಕೊಯ್ದು ನನ್ನ ಅಂಗೈ ಮೇಲೆ ಇಟ್ಟರು. ಮರಿ ತುಂಬಿದ ಎರಿ ಬೆಚ್ಚಗಿರುತ್ತದೆ, ಈಗಷ್ಟೇ ಹುಟ್ಟಿದ ಕರುವಿನ ಮೈ ಹಾಗೆ. ಅದನ್ನು ಚೌಕಟ್ಟಿನ ಅಳತೆಗೆ ಕತ್ತರಿಸಿ, ಚೌಕಟ್ಟಿಗೆ ಕೂರಿಸಿ, ಒದ್ದೆ ಬಾಳೆನಾರಿನಿಂದ ಎರಡು ಸುತ್ತು ಕಟ್ಟಬೇಕು. ಬಿಗಿ ಜಾಸ್ತಿಯಾದರೆ ಎರಿ ಕತ್ತರಿಸಿ ಹೋಗುತ್ತದೆ, ಸಡಿಲವಾದರೆ ಜಾರುತ್ತದೆ. ಇಪ್ಪತ್ತು ವರ್ಷ ಮುಟ್ಟದ ಕೆಲಸ. ಆದರೂ ಮಾವನ ಬೆರಳು ಒಂದು ಸಲವೂ ತಡವರಿಸಲಿಲ್ಲ. ಕೊನೆಗೆ ರಾಣಿ ಕಂಡಳು. ಅವಳನ್ನು ಪೆಟ್ಟಿಗೆಗೆ ಬಿಟ್ಟು ಬಾಗಿಲಿಗೆ ರಾಣಿ ಗೇಟು ಹಾಕಿದೆವು. ಕೆಲಸಗಾರ ಹುಳುಗಳು ಅದರಲ್ಲಿ ನುಸುಳಿ ಓಡಾಡುತ್ತವೆ, ರಾಣಿಯ ದಪ್ಪ ಮೈ ದಾಟುವುದಿಲ್ಲ. ಅವಳು ಒಳಗಿದ್ದರೆ ಉಳಿದ ಹುಳುಗಳು ಕತ್ತಲಾಗುವ ಮೊದಲು ತಾವೇ ಬಂದು ಸೇರುತ್ತವೆ. ಐದನೇ ದಿನ ತೆರೆದು ನೋಡಿದರೆ ಎರಿಗಳನ್ನು ಚೌಕಟ್ಟಿಗೆ ಮೇಣದಲ್ಲಿ ಅಂಟಿಸಿಕೊಂಡಿದ್ದವು. ಬಾಳೆನಾರನ್ನು ಕಚ್ಚಿ ಚೂರು ಮಾಡಿ ಬಾಗಿಲಾಚೆ ಎಸೆದಿದ್ದವು.

ಮುಂದಿನ ಬೇಸಿಗೆಯಲ್ಲಿ ಕುಂಬಳ ಹೂಬಿಟ್ಟಾಗ ಅತ್ತೆ ಎಂದಿನಂತೆ ನಸುಕಿಗೇ ಹಿತ್ತಲಿಗೆ ಹೋದರು. ಹತ್ತು ನಿಮಿಷಕ್ಕೆ ವಾಪಸ್ ಬಂದರು. "ಇವತ್ತು ನನಗೆ ಕೆಲಸ ಇಲ್ಲ ತಂಗೀ. ಒಂದೊಂದು ಹೂವಿನಲ್ಲೂ ಎರಡೆರಡು ಕೂತಿವೆ" ಅಂದರು.

ನಮ್ಮ ಅಡಿಕೆ ತೋಟದ ಅಡಿಯಲ್ಲಿ ಏಲಕ್ಕಿ ಇದೆ. ನಿಜವಾದ ವ್ಯತ್ಯಾಸ ಕಂಡದ್ದು ಅಲ್ಲಿ. ಏಲಕ್ಕಿ ಹೂವು ಗಿಡದ ಬುಡದಲ್ಲಿ, ಹೆಚ್ಚುಕಡಿಮೆ ನೆಲ ಮುಟ್ಟುವ ಗೊಂಚಲಿನಲ್ಲಿ ಅರಳುತ್ತದೆ. ಬಿಳಿ ತುಟಿ, ಅದರ ಮೇಲೆ ನೇರಳೆ ಗೆರೆ. ಹೂವಿನ ಆಯಸ್ಸು ಒಂದೇ ದಿನ. ಗಂಡು ಹೆಣ್ಣು ಎರಡೂ ಒಂದೇ ಹೂವಿನಲ್ಲಿವೆ. ಆದರೆ ಹೆಣ್ಣು ಭಾಗ ಮೇಲಿದೆ, ಪರಾಗ ಅದರ ಕೆಳಗಿದೆ. ತಾನಾಗಿ ಮೇಲೆ ಹತ್ತುವುದಿಲ್ಲ ಅಲ್ವಾ? ಜೇನು ಆ ಬಿಳಿ ತುಟಿಯ ಮೇಲೆ ಇಳಿದು, ತಲೆ ಒಳಗೆ ತೂರಿಸಿದಾಗ ಬೆನ್ನಿಗೆ ಪರಾಗ ಹತ್ತುತ್ತದೆ. ಮುಂದಿನ ಹೂವಿಗೆ ಹೋದಾಗ ಅಲ್ಲಿ ಒರೆಸಿಕೊಳ್ಳುತ್ತದೆ. ಹೂವಿನ ಕಾಲ ಮಳೆಗಾಲಕ್ಕೆ ಚಾಚಿಕೊಳ್ಳುವುದರಿಂದ, ಮಳೆ ಹೊಳವಾದ ಒಂದೆರಡು ತಾಸಿನಲ್ಲೇ ಎಲ್ಲ ನಡೆಯಬೇಕು. ಆ ಹೊತ್ತಿಗೆ ದೂರದಿಂದ ಬರುವ ಹುಳುವನ್ನು ನಂಬಿ ಕೂರುವುದು ಕಷ್ಟ. ಪೆಟ್ಟಿಗೆ ತೋಟದೊಳಗೇ ಇದ್ದರೆ ಬಿಸಿಲು ಬಿದ್ದ ತಕ್ಷಣ ಹೊರಡುತ್ತವೆ.

ಅದಕ್ಕೆ ಮಳೆಗಾಲದಲ್ಲಿ ಕುಟುಂಬ ಬಲವಾಗಿರಬೇಕು. ಜೂನ್‌ನಿಂದ ಸೆಪ್ಟೆಂಬರ್ ನಮ್ಮಲ್ಲಿ ಹುಳುಗಳಿಗೆ ಹಸಿವಿನ ಕಾಲ. ಸಕ್ಕರೆ ಮತ್ತು ನೀರು ಸಮಸಮ ಸೇರಿಸಿ ಪಾಕ ಮಾಡಿ, ಕರಟದಲ್ಲಿ ಹಾಕಿ ಪೆಟ್ಟಿಗೆಯೊಳಗೆ ಇಡುತ್ತೇನೆ. ಮೇಲೆ ನಾಲ್ಕು ಕಡ್ಡಿ ತೇಲಿಬಿಡಬೇಕು, ಇಲ್ಲದಿದ್ದರೆ ಮುಳುಗಿ ಸಾಯುತ್ತವೆ. ಕೊಡುವುದು ಸಂಜೆ ಕತ್ತಲಾದ ಮೇಲೆ. ಹಗಲಲ್ಲಿ ಕೊಟ್ಟರೆ ಬೇರೆ ಪೆಟ್ಟಿಗೆಯ ಹುಳು ವಾಸನೆ ಹಿಡಿದು ಕಳ್ಳತನಕ್ಕೆ ಬರುತ್ತವೆ, ಜಗಳವಾಗುತ್ತದೆ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು ಇಡುತ್ತೇನೆ.

ಜೇನಿಲ್ಲದಿದ್ದರೆ ನಾಲ್ಕೇ ವರ್ಷದಲ್ಲಿ ಮನುಷ್ಯರೆಲ್ಲ ಸಾಯುತ್ತಾರೆ ಅಂತ ಐನ್‌ಸ್ಟೀನ್ ಹೇಳಿದ್ದರು ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಅವರು ಹಾಗೆ ಹೇಳಿದ್ದಕ್ಕೆ ಪುರಾವೆ ಇಲ್ಲ. ಅಂಥ ಮಾತು ಬೇಕಾಗಿಯೂ ಇಲ್ಲ. ಭತ್ತ, ರಾಗಿ, ಜೋಳಕ್ಕೆ ಜೇನಿನ ಹಂಗಿಲ್ಲ. ನಮ್ಮ ಅಡಿಕೆಗೂ ಹೆಚ್ಚಾಗಿ ಗಾಳಿಯೇ ಸಾಕು. ಜೇನು ಸಿಂಗಾರಕ್ಕೆ, ಅಂದರೆ ಅಡಿಕೆಯ ಹೂಗೊಂಚಲಿಗೆ, ಹೋಗುವುದು ತನ್ನ ಮರಿಗಳಿಗೆ ಪರಾಗ ತರಲು. ಆದರೆ ಜಗತ್ತಿನ ಮುಖ್ಯ 115 ಆಹಾರ ಬೆಳೆಗಳಲ್ಲಿ 87ಕ್ಕೆ ಒಂದಲ್ಲ ಒಂದು ಮಟ್ಟಿಗೆ ಜೇನು, ಚಿಟ್ಟೆ, ಬಾವಲಿಯಂಥ ಜೀವಿಗಳ ಸಹಾಯ ಬೇಕು ಅಂತ ಲೆಕ್ಕ ಹಾಕಿದ್ದಾರೆ. ಅನ್ನ ಉಳಿಯುತ್ತದೆ, ಅದರ ಜೊತೆ ಕಲಸಿಕೊಳ್ಳುವ ಪಲ್ಯ, ಹುಳಿ, ಹಣ್ಣು ಬಡವಾಗುತ್ತದೆ. ಮನೆ ನಡೆಸುವವಳಾಗಿ ನನಗೆ ಅದೇ ಸಾಕಷ್ಟು ದೊಡ್ಡ ವಿಷಯ.

ಬೆಟ್ಟಕ್ಕೂ ಅಷ್ಟೇ. ಹೆಜ್ಜೇನು, ಕೋಲುಜೇನು, ಗೋಡೆ ಸಂದಿಯ ಮಿಸ್ರಿ ಜೇನು, ತುಡುವೆ, ಎಲ್ಲ ಮುತ್ತಿಕೊಳ್ಳುವ ನೇರಳೆ, ಅಂಟುವಾಳದ ಮರಗಳಿವೆ. ನೇರಳೆ ಹಣ್ಣಾದರೆ ನಮ್ಮ ಮಕ್ಕಳಿಗಿಂತ ಮೊದಲು ಹಕ್ಕಿಗಳಿಗೆ ಗೊತ್ತಾಗುತ್ತದೆ.

ದಿನಾ ಬೆಳಗ್ಗೆ ಪೆಟ್ಟಿಗೆ ಬಾಗಿಲ ಎದುರು ಸ್ವಲ್ಪ ಹೊತ್ತು ಕೂರುವುದು ನನಗೆ ರೂಢಿ. ಒಂದು ವರ್ಷ ಆಗಸ್ಟಿನಲ್ಲಿ ಹುಳುಗಳು ಬೆನ್ನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟೆ ಹೊತ್ತು ಬರತೊಡಗಿದವು. ರೋಗವೇನೋ ಅಂತ ಎದೆ ಧಸಕ್ಕೆಂದಿತು. ಹಿಂದೆ ಬಿದ್ದು ಹುಡುಕಿದಾಗ ಸಿಕ್ಕಿದ್ದು ಕಾಲುವೆ ಬದಿಯ ಕಾಡು ಕರ್ಣಕುಂಡಲ. ಆ ಹೂವಿನೊಳಗೆ ತೂರಿದರೆ ಮೇಲಿನಿಂದ ಬಿಳಿ ಪರಾಗ ಬೆನ್ನಿಗೆ ಒತ್ತುತ್ತದೆ. ಪ್ರತಿ ವರ್ಷ ಕಳೆ ಅಂತ ಸವರಿ ಹಾಕುತ್ತಿದ್ದ ಗಿಡ ಅದು. ಹಸಿವಿನ ಕಾಲದಲ್ಲಿ ಅದೇ ಅವುಗಳ ಊಟ. ಆಮೇಲೆ ಕಾಲುವೆ ಬದಿಗೆ ಸೆಪ್ಟೆಂಬರ್ ಕಳೆಯುವವರೆಗೆ ಕತ್ತಿ ಹಾಕುವುದಿಲ್ಲ. ನಾಚಿಕೆಮುಳ್ಳನ್ನೂ ದಾರಿ ಬಿಟ್ಟು ಬೇರೆ ಕಡೆ ಕೀಳುವುದಿಲ್ಲ.

2016ರ ಒಂದು ಬೆಳಗ್ಗೆ ಬಾಗಿಲ ಮುಂದೆ ಹುಳುಗಳು ನೆಲದಲ್ಲಿ ಗಿರಗಿರ ತಿರುಗುತ್ತಿದ್ದವು. ಸತ್ತವುಗಳ ನಾಲಿಗೆ ಹೊರಗೆ ಚಾಚಿತ್ತು. ಸ್ವಲ್ಪ ದೂರದಲ್ಲಿ ಒಬ್ಬರು ಹೂಬಿಟ್ಟ ಅಲಸಂದೆಗೆ ಬೆಳಗ್ಗೆ ಎಂಟು ಗಂಟೆಗೆ ಕೀಟನಾಶಕ ಹೊಡೆದಿದ್ದರು. ನನ್ನ ಮೂರು ಜೇನು ಕುಟುಂಬ ಕೈಬಿಟ್ಟು ಹೋದವು. ಜಗಳಕ್ಕೆ ಹೋಗಲಿಲ್ಲ. ಸತ್ತ ಹುಳುಗಳನ್ನು ಮೊರದಲ್ಲಿ ತುಂಬಿಕೊಂಡು ಹೋಗಿ ತೋರಿಸಿದೆ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹೂವಿರುವಾಗ ಹೊಡೆಯಬೇಡಿ, ಹೊಡೆಯಲೇಬೇಕಾದರೆ ಹುಳುಗಳು ಮನೆ ಸೇರಿದ ಮೇಲೆ ಸಂಜೆ ಹೊಡೆಯಿರಿ, ನನಗೆ ಹಿಂದಿನ ದಿನ ಹೇಳಿ ಅಂದೆ. ಇವತ್ತಿಗೂ ಫೋನ್ ಮಾಡುತ್ತಾರೆ.

ಜೇನುತುಪ್ಪದ ಲೆಕ್ಕ ಚಿಕ್ಕದು. ಒಳ್ಳೆ ವರ್ಷವಾದರೆ ಪೆಟ್ಟಿಗೆಗೆ ಐದಾರು ಕೆ.ಜಿ. ಮೇಲಿನ ಕೋಣೆಯ ಎರಿಯನ್ನು ಮಾತ್ರ ತೆಗೆಯುತ್ತೇನೆ, ಕೆಳಗಿನ ಸಂಸಾರದ ಕೋಣೆಯಲ್ಲಿರುವುದು ಅವುಗಳದ್ದೇ.

ಈ ಫೆಬ್ರವರಿಯಲ್ಲಿ ಒಂದು ಕುಟುಂಬ ಪಾಲಾಯಿತು. ಹಳೆ ರಾಣಿ ಅರ್ಧದಷ್ಟು ಹುಳುಗಳ ಜೊತೆ ಹೊರಟು, ಬೆಟ್ಟದ ಹಳೇ ನೇರಳೆ ಮರದ ಪೊಟರೆ ಸೇರಿತು. ನಮ್ಮವರು ಏಣಿ ಹೊತ್ತು ತಂದರು. ನಾನು ಬೇಡ ಅಂದೆ. ಅಟ್ಟದ ಪೆಟ್ಟಿಗೆಗಳೆಲ್ಲ ಖಾಲಿಯಾದ ಆ ಕಾಲದಲ್ಲೂ ತುಡುವೆ ಪೂರ್ತಿ ಅಳಿಯದೆ ಉಳಿದದ್ದು ಇಂಥ ಪೊಟರೆ, ಹುತ್ತಗಳಲ್ಲೇ. ನನ್ನ ಮೊದಲ ಕುಟುಂಬ ಬಂದದ್ದೂ ಅಲ್ಲಿಂದಲೇ. ಮಾವ ಕೋಲೂರಿಕೊಂಡು ಮರದ ಕೆಳಗೆ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ತುಂಬ ಹೊತ್ತು ಮೇಲೆ ನೋಡಿದರು. "ಬಾಯಿ ಮೂಡಣಕ್ಕಿದೆ, ಮಳೆ ಹೊಡೆಯುವುದಿಲ್ಲ" ಅಂದರು. ಏಣಿ ಹಾಗೆಯೇ ಮನೆಗೆ ವಾಪಸ್ ಬಂತು.