ಮೊದಲು ವಾಪಸ್ ಬರುವ ದಾರಿ ಹುಡುಕಿ: ಕಂಠೀರವದಲ್ಲಿ ಫುಟ್ಬಾಲ್ ನೋಡುವವರಿಗೆ ಒಂದು ಲೆಕ್ಕದ ಪುಸ್ತಕ

ನಾನು ಹುಟ್ಟಿ ಬೆಳೆದದ್ದು ಸಂಪಂಗಿರಾಮನಗರದಲ್ಲಿ. ಕಂಠೀರವ ಕ್ರೀಡಾಂಗಣದಲ್ಲಿ ದೀಪ ಹಚ್ಚಿದರೆ ನಮ್ಮ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಯನ್ನು ಆ ಬೆಳಕಿನಲ್ಲೇ ಮಡಚಬಹುದಿತ್ತು. ಆ ಕ್ರೀಡಾಂಗಣ ನಿಂತಿರುವುದು ಹಳೆಯ ಸಂಪಂಗಿ ಕೆರೆಯ ಅಂಗಳದಲ್ಲಿ. ಕೆರೆಯ ನೆನಪಿಗೆ ಒಂದು ಕುಂಟೆ ಮಾತ್ರ ಉಳಿದಿದೆ, ಕರಗದ ಕಾಲಕ್ಕೆ ಅಲ್ಲಿ ಪೂಜೆ ನಡೆಯುತ್ತದೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ನಾವು ಗೆಳೆಯರು ನಡೆದುಕೊಂಡು ಹೋಗಿ, ನಡೆದುಕೊಂಡು ಬಂದೆವು. ಆಟ ನೋಡಲು ಟಿಕೆಟ್ಟಿನ ಹಣವೊಂದಿದ್ದರೆ ಸಾಕು ಎಂದೇ ನಾನು ಬಹಳ ವರ್ಷ ನಂಬಿದ್ದೆ.

ಈಗ ನಮ್ಮ ಮನೆ ಮಲ್ಲತ್ತಹಳ್ಳಿಯಲ್ಲಿದೆ. ಕ್ರೀಡಾಂಗಣಕ್ಕೆ ಸುಮಾರು ಹನ್ನೆರಡು ಕಿಲೋಮೀಟರ್. ಅವೆನ್ಯೂ ರಸ್ತೆಯ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಬೈಂಡಿಂಗ್ ಅಂಗಡಿ ಇದೆ. ಕಾಗದ ಕತ್ತರಿಸಿದಾಗ ಉಳಿಯುವ ಪಟ್ಟಿಗಳನ್ನು ಹೊಲಿದು ಅಂಗೈಯಗಲದ ಪುಸ್ತಕ ಮಾಡಿಕೊಂಡಿದ್ದೇನೆ. ಪ್ರತಿ ಪಂದ್ಯಕ್ಕೆ ಒಂದು ಪುಟ. ಎಡಕ್ಕೆ ಹೋದ ಖರ್ಚು, ಬಲಕ್ಕೆ ಬಂದ ಖರ್ಚು. ಹಲವು ಪುಟ ತುಂಬಿದ ಮೇಲೆ ಒಂದು ಸಂಗತಿ ಕಣ್ಣಿಗೆ ಹೊಡೆಯುವಂತೆ ಕಂಡಿತು: ಎಡಗಡೆಯ ಅಂಕಿ ಯಾವಾಗಲೂ ಚಿಕ್ಕದು, ಬಲಗಡೆಯದು ಅದರ ಮೂರು ಪಟ್ಟು, ನಾಲ್ಕು ಪಟ್ಟು. ಹೋಗುವಾಗ ನಮ್ಮ ಕೈಯಲ್ಲಿ ಸಮಯವಿರುತ್ತದೆ, ಬರುವಾಗ ಇರುವುದಿಲ್ಲ. ಹಣ ಹೋಗುವುದು ಅಲ್ಲೇ. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲೇ, ಆ ರಾತ್ರಿ ಮನೆಗೆ ಯಾವ ದಾರಿಯಲ್ಲಿ ಬರುತ್ತೀರಿ ಎಂಬುದನ್ನು ತೀರ್ಮಾನಿಸಿಕೊಳ್ಳಿ. ಉಳಿದ ಉಪಾಯಗಳೆಲ್ಲ ಅದರ ಹಿಂದೆ ಬರುತ್ತವೆ.

ನನ್ನ ಪುಸ್ತಕದ ಅತಿ ದುಬಾರಿ ಪುಟ 2023ರ ಜುಲೈ 4ರದು. ಅಂದು ದಕ್ಷಿಣ ಏಷ್ಯಾ ಫುಟ್ಬಾಲ್‌ನ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್, ಭಾರತಕ್ಕೆ ಕುವೈತ್ ಎದುರಾಳಿ. 1-1 ಸಮವಾಗಿ ಆಟ ಹೆಚ್ಚುವರಿ ಸಮಯಕ್ಕೆ ಹೋಯಿತು, ಅಲ್ಲಿಂದ ಪೆನಾಲ್ಟಿಗೆ. ಗುರ್‌ಪ್ರೀತ್ ಸಿಂಗ್ ಸಂಧು ಕೊನೆಯ ಒದೆತವನ್ನು ತಡೆದಾಗ ಮಗಳು ನನ್ನ ಭುಜ ಹಿಡಿದು ಕುರ್ಚಿಯ ಮೇಲೆ ನಿಂತಿದ್ದಳು. 5-4ರಲ್ಲಿ ಗೆದ್ದೆವು. ಹೊರಗೆ ಬರುವಷ್ಟರಲ್ಲಿ ರಾತ್ರಿ ಹತ್ತು ದಾಟಿತ್ತು. ಮೆಟ್ರೊ ಮುಗಿದಿರುತ್ತದೆ ಎಂದುಕೊಂಡು ಸಿಕ್ಕ ಮೊದಲ ಆಟೊ ಹತ್ತಿದೆವು. ಆರುನೂರು ರೂಪಾಯಿ. ಆಗಿನ ಮೀಟರ್ ದರದಲ್ಲಿ, ರಾತ್ರಿಯ ಒಂದೂವರೆ ಪಟ್ಟು ಸೇರಿಸಿದರೂ ಹನ್ನೆರಡು ಕಿಲೋಮೀಟರಿಗೆ 270 ಆಗಬೇಕಿತ್ತು. ನಾವು ಮಾಗಡಿ ರಸ್ತೆ ದಾಟುವಾಗ ತಲೆಯ ಮೇಲೆ, ಕಂಬಗಳ ಸಾಲಿನ ಮೇಲೆ ಮೆಟ್ರೊ ರೈಲು ದೀಪ ಹಚ್ಚಿಕೊಂಡು ನಮ್ಮ ಕಡೆಗೇ ಹೋಗುತ್ತಿತ್ತು. ಮಗಳು ಏನೂ ಹೇಳಲಿಲ್ಲ, ಬೆರಳು ಮಾಡಿ ತೋರಿಸಿದಳು ಅಷ್ಟೆ.

ಅಂದಿನಿಂದ ಮೊದಲ ನಿಯಮ ಇದು. ಕೊನೆಯ ರೈಲಿನ ಹೊತ್ತನ್ನು ಬರೆದಿಟ್ಟುಕೊಳ್ಳಿ. ರೈಲು ಹೊರಡುವ ತುದಿ ನಿಲ್ದಾಣದ ಹೊತ್ತಲ್ಲ, ನೀವು ಹತ್ತುವ ನಿಲ್ದಾಣಕ್ಕೆ, ನಿಮ್ಮ ದಿಕ್ಕಿಗೆ ಅದು ಬರುವ ಹೊತ್ತು. ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸುವವರು ಎರಡನೆಯ ರೈಲಿನ ಹೊತ್ತನ್ನೂ ಬರೆಯಬೇಕು. ಮೊಬೈಲ್‌ನಲ್ಲಿ ನೋಡಿದರಾಯಿತು ಎನ್ನಬೇಡಿ. ಸಾವಿರಾರು ಜನ ಒಟ್ಟಿಗೆ ಹೊರಬಂದಾಗ ಸಿಗ್ನಲ್ ಸಿಗುವುದಿಲ್ಲ, ಸಿಕ್ಕರೆ ಬ್ಯಾಟರಿ ಇರುವುದಿಲ್ಲ. ಒಂದು ಚೀಟಿಯಲ್ಲಿ ಬರೆದು ಟಿಕೆಟ್ ಜೊತೆ ಇಡಿ.

ಪಂದ್ಯ ಮುಗಿಯುವ ಹೊತ್ತನ್ನು ಹೀಗೆ ಲೆಕ್ಕ ಹಾಕುತ್ತೇನೆ. ಏಳೂವರೆಗೆ ಶುರುವಾದ ಲೀಗ್ ಪಂದ್ಯ ಒಂಬತ್ತೂವರೆಯೊಳಗೆ ಮುಗಿಯುತ್ತದೆ. ನಾಕೌಟ್ ಆದರೆ ಹೆಚ್ಚುವರಿ ಅರ್ಧ ಗಂಟೆ ಮತ್ತು ಪೆನಾಲ್ಟಿಗಳನ್ನು ಸೇರಿಸಿ, ಹತ್ತೂಕಾಲು ಎಂದೇ ಇಟ್ಟುಕೊಳ್ಳಿ. 2023ರ ಮಾರ್ಚ್ 3ರ ನಾಕೌಟ್ ಪಂದ್ಯದಲ್ಲಿ ಬೆಂಗಳೂರು ಎಫ್‌ಸಿ ತಂಡದ ಸುನಿಲ್ ಛೆಟ್ರಿಯ ಫ್ರೀಕಿಕ್ ಗೋಲಾಗಿ, ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೊರನಡೆದದ್ದು ಇಂಥದೇ ಹೆಚ್ಚುವರಿ ಸಮಯದಲ್ಲಿ. ಅಂದು ಗ್ಯಾಲರಿಯಲ್ಲಿದ್ದ ಯಾರಿಗೂ ಪಂದ್ಯ ಮುಗಿಯಿತೋ ಇಲ್ಲವೋ ಎಂಬುದೇ ಬಹಳ ಹೊತ್ತು ತಿಳಿದಿರಲಿಲ್ಲ. ನಾಕೌಟ್ ದಿನಗಳಿಗೆ ಒಂದಿಷ್ಟು ಹೆಚ್ಚು ಹಣವನ್ನು ಬೇರೆಯಾಗಿಯೇ ಎತ್ತಿಡಿ. ಸಂಜೆ ಐದರ ಪಂದ್ಯಗಳಿದ್ದರೆ, ಮಕ್ಕಳನ್ನೂ ಹಿರಿಯರನ್ನೂ ಕರೆದೊಯ್ಯಲು ಅವನ್ನೇ ಆರಿಸಿ. ಏಳಕ್ಕೆ ಹೊರಬಂದರೆ ಬಸ್ಸುಗಳು ತುಂಬಾ ಇರುತ್ತವೆ, ರಾತ್ರಿ ದರದ ಮಾತೇ ಇಲ್ಲ.

ಈ ರಾತ್ರಿ ದರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 2025ರ ಆಗಸ್ಟ್‌ನಿಂದ ಬೆಂಗಳೂರಿನ ಆಟೊ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆ ಪಟ್ಟು. ನಮ್ಮ ಮನೆಯ ಹನ್ನೆರಡು ಕಿಲೋಮೀಟರಿಗೆ ಹಗಲಲ್ಲಿ 216, ಹತ್ತರ ನಂತರ 324. ಈ ಎರಡು ಅಂಕಿಗಳನ್ನು ನಿಮ್ಮ ದೂರಕ್ಕೆ ಹೊಂದಿಸಿ ಗುಣಿಸಿ, ಚೀಟಿಯಲ್ಲಿ ಬರೆದುಕೊಳ್ಳಿ. ನ್ಯಾಯವಾದ ಬೆಲೆ ಎಷ್ಟೆಂದು ಗೊತ್ತಿದ್ದವರ ಧ್ವನಿಯೇ ಬೇರೆ ಇರುತ್ತದೆ, ಚೌಕಾಸಿಯೂ ಜಗಳವಿಲ್ಲದೆ ಮುಗಿಯುತ್ತದೆ. ಇನ್ನೊಂದು ಮಾತು: ಕ್ರೀಡಾಂಗಣದ ಗೇಟಿನೆದುರು ನಿಂತು ಆಟೊ ಕರೆಯಬೇಡಿ. ಆ ಹೊತ್ತಿಗೆ ಅಲ್ಲಿ ಆ್ಯಪ್ ತೋರಿಸುವ ದರವೂ ಏರಿರುತ್ತದೆ. ಹಡ್ಸನ್ ವೃತ್ತ ದಾಟಿ ಹತ್ತು ನಿಮಿಷ ನಡೆದರೆ ಅದೇ ದೂರಕ್ಕೆ ಕಡಿಮೆ ಹಣ ಕೇಳಿದ್ದನ್ನು ನಾನು ಹಲವು ಸಲ ನೋಡಿ ಬರೆದಿದ್ದೇನೆ.

ಆದರೆ ನನ್ನ ಮೆಚ್ಚಿನ ದಾರಿ ಮೆಟ್ರೊ, ಅದರಲ್ಲಿ ಯಾವ ನಿಲ್ದಾಣಕ್ಕೆ ನಡೆಯುತ್ತೀರಿ ಎಂಬುದೇ ಮುಖ್ಯ. ಎಲ್ಲರೂ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಓಡುತ್ತಾರೆ. ಇಂದಿರಾನಗರ, ವೈಟ್‌ಫೀಲ್ಡ್ ಕಡೆಯವರಿಗೆ ಅದು ಸರಿ. ಕಸ್ತೂರಬಾ ರಸ್ತೆ ಹಿಡಿದು, ವೆಂಕಟಪ್ಪ ಚಿತ್ರಶಾಲೆ, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ದಾಟಿ ನಡೆದರೆ ಇಪ್ಪತ್ತು ನಿಮಿಷ. ನನ್ನಂತೆ ಮೈಸೂರು ರಸ್ತೆಯ ಕಡೆ ಹೋಗುವವರು ಅಲ್ಲಿಗೆ ಹೋದರೆ ಮನೆಗೆ ಬೆನ್ನು ಹಾಕಿ ನಡೆದಂತೆ. ನಾವು ಹಡ್ಸನ್ ವೃತ್ತಕ್ಕೆ ಬಂದು, ನೃಪತುಂಗ ರಸ್ತೆಯಲ್ಲಿ ನಡೆದು, ಕೆ.ಆರ್. ವೃತ್ತದ ಆಚೆಗಿರುವ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದಲ್ಲಿ ಹತ್ತುತ್ತೇವೆ. ನೃಪತುಂಗ ರಸ್ತೆಯ ಕಾಲುದಾರಿ ಅಗಲವಾಗಿದೆ, ಬೆಳಕಿದೆ, ಮಗಳ ಜೊತೆ ನಡೆಯಲು ನನಗೆ ಅಳುಕಿಲ್ಲ. ಮೆಟ್ರೊ ದರ ದೂರದ ಹಂತಗಳ ಮೇಲೆ ನಿಂತಿರುವುದರಿಂದ, ಮನೆಯ ದಿಕ್ಕಿಗೆ ಎರಡು ನಿಲ್ದಾಣ ಹೆಚ್ಚು ನಡೆದರೆ ಕೆಲವರಿಗೆ ಒಂದು ಹಂತವೇ ಕಡಿಮೆಯಾಗುತ್ತದೆ. ಜಯನಗರ, ಬನಶಂಕರಿಯ ಕಡೆಯವರು ಪುರಭವನದ ಮುಂದೆ ಹಾದು ಕೆ.ಆರ್. ಮಾರುಕಟ್ಟೆ ನಿಲ್ದಾಣಕ್ಕೆ ಹೋಗಲಿ. ಹಸಿರು ಮಾರ್ಗ ನೇರವಾಗಿ ಸಿಗುತ್ತದೆ, ಮೆಜೆಸ್ಟಿಕ್‌ನ ಮೆಟ್ಟಿಲುಗಳಲ್ಲಿ ಓಡುವ ಅಗತ್ಯವಿಲ್ಲ.

2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿ, ಗರಿಷ್ಠ ದರ 60ರಿಂದ 90ಕ್ಕೆ ಹೋಯಿತು. ಮೂವರ ಸಂಸಾರಕ್ಕೆ ಅದು ನೋವಿನ ಏರಿಕೆ. ಅದರ ಜೊತೆಗೇ ಬಂದ ರಿಯಾಯಿತಿಯನ್ನು ಫುಟ್ಬಾಲ್ ನೋಡುವವರು ಬಿಡಬಾರದು. ಸ್ಮಾರ್ಟ್ ಕಾರ್ಡ್ ಇದ್ದರೆ ಸಾಮಾನ್ಯವಾಗಿ ಶೇ 5 ಕಡಿಮೆ, ದಟ್ಟಣೆ ಇಲ್ಲದ ಹೊತ್ತಿನಲ್ಲಿ ಶೇ 10. ಆ ಹೊತ್ತಿನಲ್ಲಿ ರಾತ್ರಿ 9ರ ನಂತರದ್ದೂ ಸೇರಿದೆ, ಅಂದರೆ ನಾವು ವಾಪಸ್ ಬರುವ ಹೊತ್ತೇ. ಭಾನುವಾರವಾದರೆ ಇಡೀ ದಿನ ಶೇ 10. ನಿಮ್ಮ ಟಿಕೆಟ್ 60 ರೂಪಾಯಿ ಎಂದಿಟ್ಟುಕೊಂಡರೆ ವಾರದ ದಿನ ಹೋಗುವಾಗ 3, ಬರುವಾಗ 6, ಒಟ್ಟು 9 ರೂಪಾಯಿ ಒಬ್ಬರಿಗೆ ಉಳಿಯಿತು. 50 ರೂಪಾಯಿಯ ಕಾರ್ಡು ಆರು ಪಂದ್ಯದಲ್ಲಿ ತನ್ನ ಬೆಲೆ ತೀರಿಸುತ್ತದೆ. ಮನೆಯ ಪ್ರತಿಯೊಬ್ಬರಿಗೂ ಬೇರೆ ಕಾರ್ಡ್ ಬೇಕು. ಕಾರ್ಡಿನಲ್ಲಿ ಕನಿಷ್ಠ 90 ರೂಪಾಯಿ ಇರಬೇಕೆಂಬ ನಿಯಮವಿದೆ, ಅದಕ್ಕೆ ಹೋಗುವಾಗಲೇ ಹಣ ತುಂಬಿಸಿ. ರಾತ್ರಿ ಕೌಂಟರಿನ ಸಾಲಿನಲ್ಲಿ ನಿಂತರೆ ರೈಲು ಕಣ್ಣೆದುರೇ ಹೋಗುತ್ತದೆ.

ಹೋಗುವ ದಾರಿಗೆ ನಾವು ಬಸ್ಸನ್ನೇ ನೆಚ್ಚಿದ್ದೇವೆ. ಹೆಂಡತಿ ಮತ್ತು ಮಗಳು ನಾಲ್ಕೂವರೆಗೆ ಮನೆ ಬಿಟ್ಟು, ಸಾಮಾನ್ಯ ಬಸ್ಸಿನಲ್ಲಿ ಮಾರ್ಕೆಟ್‌ಗೆ ಬಂದು, ಅಲ್ಲಿಂದ ಕಾರ್ಪೊರೇಷನ್ ಕಡೆಗೆ ಹೋಗುವ ಇನ್ನೊಂದು ಬಸ್ ಹಿಡಿಯುತ್ತಾರೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಇಬ್ಬರಿಗೂ ಶೂನ್ಯ ಟಿಕೆಟ್. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಬೇಕು, ಹವಾನಿಯಂತ್ರಿತ ವಜ್ರ ಬಸ್ಸಿಗೆ ಇದು ನಡೆಯುವುದಿಲ್ಲ. ನನ್ನ ಹೆಂಡತಿ ಮೊದಲು ಪಂದ್ಯಕ್ಕೆ ಬರುತ್ತಿರಲಿಲ್ಲ. ಮೂವರ ಖರ್ಚು ಯಾಕೆ, ನೀವಿಬ್ಬರು ಹೋಗಿ ಎನ್ನುತ್ತಿದ್ದಳು. ಈಗ ಅವಳೇ ನಮಗಿಂತ ಮೊದಲು ನೀಲಿ ಶಾಲು ತೆಗೆದಿಡುತ್ತಾಳೆ. ಗಂಡಸರಿಗೆ 2025ರ ಜನವರಿಯಿಂದ ಬಿಎಂಟಿಸಿ ದರ ಶೇ 15 ಏರಿದೆ. ದಿನಕ್ಕೆ ನಾಲ್ಕೈದು ಬಸ್ ಬದಲಿಸುವವರು 80 ರೂಪಾಯಿಯ ದಿನದ ಪಾಸ್ ಕೊಳ್ಳುವುದು ಲಾಭ, ಎರಡೇ ಬಸ್ಸಿನವರಿಗೆ ಬೇಡ. ನಾನು ಅಂಗಡಿಯ ಬಾಗಿಲು ಎಳೆದು ಅವೆನ್ಯೂ ರಸ್ತೆಯಿಂದ ನಡೆದೇ ಹೋಗುತ್ತೇನೆ. ನೀವೂ ಕೆಲಸದ ಜಾಗದಿಂದ ನೇರವಾಗಿ ಹೋಗಬಹುದಾದರೆ ಮನೆಗೆ ಹೋಗಿ ಬರುವ ಒಂದು ಸುತ್ತು ಉಳಿಯುತ್ತದೆ.

ಸ್ಕೂಟರ್ ತರುವವರು ಕ್ರೀಡಾಂಗಣದವರೆಗೆ ತರದೆ ಮನೆಯ ಹತ್ತಿರದ ಮೆಟ್ರೊ ನಿಲ್ದಾಣದಲ್ಲಿ ನಿಲ್ಲಿಸುವುದು ಮೇಲು. ಊರ ಹೊರಗಿನಿಂದ ಬರುವವರು ವಾಪಸ್ ಬಸ್ಸನ್ನು ಹನ್ನೊಂದರ ಮೇಲಿನದಕ್ಕೆ ಕಾಯ್ದಿರಿಸಲಿ.

ಹಣಕ್ಕಿಂತ ದೊಡ್ಡದಾದ ಒಂದು ವಿಷಯವಿದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಅಂದು ಜನಸಂದಣಿಯಿಂದಾಗಿ ಕಬ್ಬನ್ ಪಾರ್ಕ್, ವಿಧಾನಸೌಧ ನಿಲ್ದಾಣಗಳಲ್ಲಿ ರೈಲು ನಿಲ್ಲಿಸಲಿಲ್ಲ. ಆದ್ದರಿಂದ ಎರಡನೆಯ ನಿಲ್ದಾಣ ಯಾವುದು, ಅಲ್ಲಿಗೆ ನಡೆಯುವ ದಾರಿ ಯಾವುದು ಎಂದು ಮನೆಯ ಎಲ್ಲರಿಗೂ ಗೊತ್ತಿರಲಿ. ಹತ್ತಿರದಲ್ಲೇ ಕ್ರಿಕೆಟ್ ಪಂದ್ಯವೂ ಇದೆಯೇ ಎಂದು ಮೊದಲೇ ನೋಡಿ. ಕೊನೆಯ ಸೀಟಿಯಾದ ಮೇಲೆ ಹತ್ತು ನಿಮಿಷ ಕುಳಿತೇ ಇರಿ. ಆಟಗಾರರು ಸುತ್ತು ಬಂದು ಚಪ್ಪಾಳೆ ತಟ್ಟುವುದನ್ನು ನೋಡಿ. ಐದು ರೂಪಾಯಿಯ ರಿಯಾಯಿತಿಗಾಗಿ, ಮುಂಚಿನ ರೈಲಿಗಾಗಿ, ಮಗುವಿನ ಕೈ ಎಳೆದುಕೊಂಡು ಗುಂಪಿನಲ್ಲಿ ನುಗ್ಗಬೇಡಿ.

ನಾವು ಕೇಳಬೇಕಾದದ್ದೂ ಇದೆ. ಜರ್ಮನಿಯ ಅನೇಕ ಕ್ಲಬ್ಬುಗಳಲ್ಲಿ ಪಂದ್ಯದ ಟಿಕೆಟ್ಟೇ ಆ ದಿನದ ಬಸ್ಸು, ಟ್ರಾಮ್, ಸ್ಥಳೀಯ ರೈಲಿನ ಟಿಕೆಟ್ ಕೂಡ ಆಗಿರುತ್ತದೆ. ನಮ್ಮಲ್ಲೇ 2024ರ ಐಪಿಎಲ್ ರಾತ್ರಿಗಳಲ್ಲಿ ಮೆಟ್ರೊ ಹೆಚ್ಚು ಹೊತ್ತು ಓಡಿತು, ವಾಪಸ್ ಪ್ರಯಾಣಕ್ಕೆ 50 ರೂಪಾಯಿಯ ಕಾಗದದ ಟಿಕೆಟ್ ಕೊಟ್ಟಿತು. ಕ್ರಿಕೆಟ್‌ಗೆ ಆದದ್ದು ಫುಟ್ಬಾಲ್‌ಗೆ ಯಾಕಾಗಬಾರದು? 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಕಂಠೀರವಕ್ಕೆ ಬಂದಂದಿನಿಂದ ಅದರ ಅಭಿಮಾನಿ ಬಳಗವಾದ ವೆಸ್ಟ್ ಬ್ಲಾಕ್ ಬ್ಲೂಸ್‌ನವರು ನಿಂತು ಹಾಡಿ ಈ ಗ್ಯಾಲರಿಯನ್ನು ಬೆಳೆಸಿದ್ದಾರೆ. ದೂರದ ಬಡಾವಣೆಗಳಿಂದ ಬರುವ ಮಕ್ಕಳು ಆಟೊ ದರಕ್ಕೆ ಹೆದರಿ ಮನೆಯಲ್ಲಿ ಕೂರಬಾರದು. ಕ್ಲಬ್ಬಿಗೂ ಮೆಟ್ರೊ ನಿಗಮಕ್ಕೂ ನಾನು ಪ್ರತಿ ಋತುವಿನ ಮೊದಲು ಒಂದೊಂದು ಪತ್ರ ಬರೆಯುತ್ತೇನೆ. ಖರ್ಚಿನ ನಾಲ್ಕು ಪುಟಗಳ ಪ್ರತಿಯನ್ನು ಜೊತೆಗೆ ಇಡುತ್ತೇನೆ. ನೀವೂ ಬರೆಯಿರಿ, ನಿಮ್ಮ ಅಂಕಿಗಳನ್ನೇ ಬರೆಯಿರಿ.

ಕೊನೆಯದಾಗಿ, ಮೆಟ್ರೊ ಇಳಿದ ಮೇಲಿನ ಎರಡು ಕಿಲೋಮೀಟರ್. ಜ್ಞಾನಭಾರತಿ ನಿಲ್ದಾಣದಿಂದ ನಮ್ಮ ಮನೆಗೆ ಆ ಹೊತ್ತಿನಲ್ಲಿ ಬಸ್ ಸಿಗುವುದು ಕಷ್ಟ. ಇದಕ್ಕೆ ಉಪಾಯ ಅರ್ಧವಿರಾಮದಲ್ಲಿದೆ. ಆಟಗಾರರು ಒಳಗೆ ಹೋದ ಕೂಡಲೇ ಎದ್ದು ನಿಂತು, ಅಕ್ಕಪಕ್ಕದ ಸಾಲುಗಳಿಗೆ ಕೇಳುವಂತೆ, ಮಲ್ಲತ್ತಹಳ್ಳಿ, ನಾಗರಭಾವಿ ಕಡೆ ಯಾರಿದ್ದೀರಿ ಎಂದು ಕೂಗುತ್ತೇನೆ. ಮೊದಲ ಸಲ ಯಾರೂ ತಿರುಗಲಿಲ್ಲ. ಎರಡನೆಯ ಪಂದ್ಯದಲ್ಲಿ ಇಬ್ಬರು ಕಾಲೇಜು ಹುಡುಗರು ಕೈ ಎತ್ತಿದರು. ಈಗ ಏಳೆಂಟು ಜನರಿದ್ದೇವೆ, ನೃಪತುಂಗ ರಸ್ತೆಯಲ್ಲಿ ಒಟ್ಟಿಗೆ ನಡೆಯುತ್ತೇವೆ. ನಿಲ್ದಾಣದಲ್ಲಿ ಇಳಿದು ಮೂವರಿಗೊಂದು ಆಟೊ ಹಿಡಿಯುತ್ತೇವೆ. ಹತ್ತರ ನಂತರದ ಕನಿಷ್ಠ ದರ 54 ರೂಪಾಯಿ, ತಲೆಗೆ ಹದಿನೆಂಟು. ಮಗಳು ಆಟೊದಲ್ಲೇ ಆ ಅಂಕಿಯನ್ನು ಪುಟದ ಬಲಗಡೆ ಬರೆದು, ಪೆನ್ಸಿಲ್ ಅನ್ನು ಹೊಲಿಗೆಯ ಸಂದಿಗೆ ಸಿಕ್ಕಿಸಿ ನನ್ನ ಜೇಬಿಗೆ ಹಾಕುತ್ತಾಳೆ.